ಕೆಂಪು ಗಾಡಿಗೆ ದೊಡ್ಡ ಕೂಲರ್

"ಸಾಹೇಬ್ರು ಬಂದಿಲ್ಲೇನ್ರಿ?"

ರಾಯಚೂರಿನ ಆ ಗ್ಯಾರೇಜಿನ ಮಾಲೀಕ ನನ್ನನ್ನು ಕಂಡಾಗಲೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಗಾಡಿ ನನ್ನದು. ಓಡಿಸಿಕೊಂಡು ಬಂದವಳು ನಾನು. ಕೀಲಿ ನನ್ನ ಕೈಯಲ್ಲೇ ಇದೆ. ಆದರೂ ಆತನ ಕಣ್ಣು ನನ್ನ ಹೆಗಲ ಮೇಲಿಂದ ಹಾಯ್ದು, ಖಾಲಿ ಸೀಟಿನಲ್ಲಿ ನನ್ನ ಗಂಡನನ್ನು ಹುಡುಕುತ್ತದೆ. ನನ್ನ ಗಂಡನಿಗೆ ಸೈಕಲ್ ಬಿಟ್ಟರೆ ಇನ್ನೊಂದು ಗಾಡಿ ನಡೆಸಲು ಬರುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬಾನೆಟ್ ಯಾವ ಕಡೆಯಿಂದ ತೆರೆಯುತ್ತದೆ ಎಂಬುದೂ ಅವರಿಗೆ ಗೊತ್ತಿಲ್ಲ. ಇದನ್ನು ಮಾಲೀಕನಿಗೆ ಎಷ್ಟು ಸಲ ಹೇಳಿದ್ದೇನೋ ದೇವರೇ ಬಲ್ಲ. "ಹೌದ್ರೀ, ಹೌದ್ರೀ" ಎಂದು ನಗುತ್ತಾನೆ. ಮುಂದಿನ ಸಲ ಮತ್ತದೇ ಹಾಡು.

ನಾನು ಹಲ್ಲಿನ ಡಾಕ್ಟರು. ರಾಯಚೂರಿನಲ್ಲಿ ನನ್ನ ದವಾಖಾನೆ ಇದೆ. ಪ್ರತಿ ಗುರುವಾರ ಬೆಳಿಗ್ಗೆ ಮಾನ್ವಿಯಲ್ಲಿ, ಮಧ್ಯಾಹ್ನದ ಮೇಲೆ ದೇವದುರ್ಗದಲ್ಲಿ ರೋಗಿಗಳನ್ನು ನೋಡುತ್ತೇನೆ. ಈ ತಿರುಗಾಟವನ್ನು ವರ್ಷಗಟ್ಟಲೆ ಬಸ್ಸಿನಲ್ಲಿ ಮಾಡಿದೆ, ಆಮೇಲೆ ಒಂದು ಹಳೆಯ ಡಬ್ಬಾ ಕಾರಿನಲ್ಲಿ. ಐವತ್ತು ದಾಟಿದ ಮೇಲೆ, ಹುಡುಗಿಯಾಗಿದ್ದಾಗಿನಿಂದ ಆಸೆಪಟ್ಟಿದ್ದ ಎರಡು ಸೀಟಿನ, ನೆಲಕ್ಕೆ ಅಂಟಿ ಕೂತಂತಿರುವ ಕೆಂಪು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಅಬ್ಬಬ್ಬಾ, ಆಗ ಬಂದ ಉಪದೇಶಗಳೋ! "ಈ ವಯಸ್ಸಿನಾಗ ಇದೆಲ್ಲಾ ಬೇಕೇನ್ರೀ ವೈನಿ?" ಎಂದಳು ನಾದಿನಿ. "ಮಠಕ್ಕ ಹೋಗೋ ಮುಂದ ಸೀರಿ ಉಟ್ಟು ಇದರಾಗಿಂದ ಹ್ಯಾಂಗ ಇಳೀತೀರಿ?" ಎಂದರು ಪಕ್ಕದ ಮನೆಯವರು. ಅವರೆದುರೇ ಕಚ್ಚೆ ಸೀರೆ ಉಟ್ಟುಕೊಂಡು ಇಳಿದು ತೋರಿಸಿದೆ. ಆಮೇಲೆ ಬಾಯಿ ಮುಚ್ಚಿದರು.

ಈ ಸಲ ಶಿವರಾತ್ರಿಯ ಆಸುಪಾಸಿನಲ್ಲಿ ಗಾಡಿಯ ಆಯಿಲ್ ವಿಪರೀತ ಬಿಸಿಯಾಗತೊಡಗಿತು. ಎಂಜಿನ್ ಆಯಿಲ್ಲನ್ನು ತಂಪು ಮಾಡಲೆಂದು ಇದರ ಮುಂದಿನ ಬಂಪರಿನೊಳಗೆ ಒಂದು ಜಾಲರಿಯಂಥ ಪೆಟ್ಟಿಗೆ ಇರುತ್ತದೆ. ಅದೇ ಆಯಿಲ್ ಕೂಲರ್. ಒಳಗೆ ಆಯಿಲ್ ಹರಿಯುತ್ತದೆ, ಸಂದಿಗಳಲ್ಲಿ ಎದುರುಗಾಳಿ ನುಗ್ಗಿ ಅದರ ಕಾವು ಇಳಿಸುತ್ತದೆ. ಆ ಗುರುವಾರ ಮಾನ್ವಿಯ ಕೆಲಸ ಮುಗಿಸಿ ಹೊರಟಿದ್ದೆ. ಬಾಗಲವಾಡದ ಹತ್ತಿರ ರಸ್ತೆಯ ತುಂಬ ಕಡಲೆ ಗಿಡ ಹರವಿದ್ದರು. ಸುಗ್ಗಿ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹೋಗಿಬರುವವರ ಗಾಲಿಗಳೇ ಕಾಳು ಬಿಡಿಸಿಕೊಡಬೇಕು. ಸರಿದು ಹೋಗಲು ಜಾಗವಿಲ್ಲದೆ ಬೈದುಕೊಳ್ಳುತ್ತಲೇ ಅದರ ಮೇಲೆ ಹಾಯಿಸಿದೆ. ಕವಿತಾಳ ದಾಟಿದ ಮೇಲೆ ಆಯಿಲ್ಲಿನ ಕಾವು ತೋರಿಸುವ ಮುಳ್ಳು ಏರತೊಡಗಿತು. ಕೆಂಪು ಗೆರೆ ಮುಟ್ಟುವ ಮೊದಲೇ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ತಣ್ಣಗಾಗುವವರೆಗೆ ಕಾದು ಕೂತೆ. ದೇವದುರ್ಗ ಮುಟ್ಟಿದಾಗ ಗದ್ದ ಹಿಡಿದುಕೊಂಡು ಕೂತಿದ್ದ ರೋಗಿಗಳ ಮುಖ ನೋಡಲು ನಾಚಿಕೆಯಾಯಿತು. ಮುಂದಿನ ಗುರುವಾರವೂ ಅದೇ ಗತಿ.

ಗ್ಯಾರೇಜಿಗೆ ಒಯ್ದೆ. ಮಾಲೀಕ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಅಷ್ಟೇ.

"ಮೇಡಮ್, ಇದು ಥಂಡಿ ದೇಶದಾಗ ಮಾಡಿದ ಗಾಡಿರೀ. ನಮ್ಮ ರಾಯಚೂರ ಬಿಸಲಿಗೆ ಈ ಕೂಲರ್ ಎಲ್ಲಿ ಸಾಕಾಗತದ? ಹೈದರಾಬಾದಿಂದ ದೊಡ್ಡದು ತರಿಸಿ ಹಾಕಿಬಿಡೋಣು."

"ಹೋದ ವರ್ಷ ಮೇ ತಿಂಗಳ ಉರಿಬಿಸಲಾಗ ಇದ ಗಾಡಿ, ಇದ ರಸ್ತಾದಾಗ ಆರಾಮ ಹೋಗಿ ಬಂದದ. ಈಗ ಯಾಕ ಕಾಯಾಕತ್ತದ? ಮೊದಲ ಬಂಪರ್ ಬಿಚ್ಚಿ, ಇದ್ದದ್ದು ಹ್ಯಾಂಗದ ನೋಡ್ರಿ."

"ಬಿಚ್ಚೋದು ದೊಡ್ಡ ಕೆಲಸರೀ. ಹ್ಯಾಂಗೂ ಹೊಸಾದು ಹಾಕೋ ಮುಂದ ಬಿಚ್ಚತೀವಲ್ಲ. ನಾ ಸಾಹೇಬ್ರ ಜೋಡಿ ಮಾತಾಡ್ತೀನಿ ತಗೋರಿ."

ಸಾಹೇಬ್ರ ಜೋಡಿ! ಅಂಗಾಲಿನ ಉರಿ ನೆತ್ತಿಗೇರಿತು. ಕೇಳಿದವಳು ನಾನು, ಎದುರಿಗೆ ನಿಂತವಳು ನಾನು, ಉತ್ತರ ಮಾತ್ರ ಮನೆಯಲ್ಲಿ ಪೇಪರ್ ಓದುತ್ತ ಕೂತ ಗಂಡನಿಗೆ. ಕೀಲಿ ಕಸಿದುಕೊಂಡವಳಂತೆ ಎತ್ತಿಕೊಂಡು ಮನೆಗೆ ಬಂದೆ.

ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದೆ. ನಮ್ಮವರು ಅನ್ನ ಕಲಸುತ್ತ ಅಂದರು: "ಗ್ಯಾರೇಜಿನಾಂವ ಫೋನ್ ಮಾಡಿದ್ದ. ಪಾಪ, ಭಾಳ ಕಾಳಜಿ ಮನಷ್ಯಾ. ದೊಡ್ಡದು ಹಾಕಿಬಿಡಪಾ ಅಂತ ಹೇಳೀನಿ."

ಸಾರಿನ ಸೌಟು ಕೈಯಲ್ಲೇ ನಿಂತಿತು. "ಯಾರನ್ನ ಕೇಳಿ ಹೇಳಿದ್ರಿ?"

"ಅದರಾಗ ಕೇಳೋದೇನದ? ಕಾಯಾಕತ್ತದ ಅಂದ್ರ ತಂಪು ಮಾಡೋದು ದೊಡ್ಡದಿರಬೇಕು. ಸಾದಾ ಲೆಕ್ಕ."

"ಆಯಿಲ್ ಕೂಲರ್ ಗಾಡ್ಯಾಗ ಎಲ್ಲಿರತದ, ಹೇಳ್ರಿ ನೋಡೋಣು."

ಅವರು ಮಜ್ಜಿಗೆಯ ಲೋಟ ಎತ್ತಿದರು. ಕುಡಿದು, "ನೋಡು, ಅದನ್ನ ಹಾಕಿಸಿದ ಮ್ಯಾಲೂ ಕಾಯ್ತು ಅಂದ್ರ ಗಾಡಿ ಮಾರಿಬಿಡೋಣು. ನಡುದಾರ್ಯಾಗ ನೀ ಒಬ್ಬಾಕಿನ ನಿಂತ್ರ ನನ್ನ ಜೀವ ಹೊಡಕೋತದ" ಎಂದರು.

ಕಾಳಜಿಯ ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಮೈ ಉರಿದುಹೋಯಿತು. ಬಂಪರ್ ಬಿಚ್ಚದ ಒಬ್ಬ, ಬಾನೆಟ್ ತೆರೆಯಲು ಬಾರದ ಇನ್ನೊಬ್ಬರು ಫೋನಿನಲ್ಲಿ ಸೇರಿ, ನನ್ನ ಗಾಡಿ ನನ್ನ ಬಳಿ ಇರಬೇಕೋ ಹೋಗಬೇಕೋ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಇಷ್ಟು ವರ್ಷ ಕಂಡವರ ಬಾಯಲ್ಲಿ ಬಗ್ಗಿ ಬಗ್ಗಿ ನೋಡಿ ಸೊಂಟ ಹಿಡಿಸಿಕೊಂಡವಳಿಗೆ, ವಾರಕ್ಕೊಂದು ದಿನ ಮಾನ್ವಿ ದಾರಿಯ ಕಲ್ಮಲದ ಆಚೆಯ ಬಯಲಿನಲ್ಲಿ ಎಕ್ಸಿಲರೇಟರ್ ಒತ್ತಿದಾಗ ಆಗುವ ಸಂತೋಷ ಏನೆಂದು ಈ ಇಬ್ಬರಿಗೂ ಗೊತ್ತಿಲ್ಲ. ಅದನ್ನು ನಾನು ಬಿಟ್ಟುಕೊಡುವವಳಲ್ಲ.

ದೊಡ್ಡ ಕೂಲರ್ ಬೇಡವೇ ಬೇಡ ಎಂಬ ಹಟವೇನೂ ನನಗಿರಲಿಲ್ಲ. ಹಾಕಿಸಿದರೆ ಬೇಸಿಗೆಯಲ್ಲಿ ನಿಶ್ಚಿಂತೆಯಾಗಿ ಇರಬಹುದಿತ್ತು. ಆದರೆ ಮನೆಯಿಂದ ದವಾಖಾನೆಗೆ ಹೋಗುವ ಗಿಡ್ಡ ದಾರಿಯಲ್ಲಿ ಆಯಿಲ್ ಕಾಯಬೇಕಾದಷ್ಟೂ ಕಾಯದೆ ಉಳಿದೀತು. ತಣ್ಣಗಿನ ದಪ್ಪ ಆಯಿಲ್ಲೂ ಎಂಜಿನ್ನಿಗೆ ಒಳ್ಳೆಯದಲ್ಲ. ಅದರ ಜೊತೆಗೆ ಹೊಸ ಪೈಪು, ಹೊಸ ಜೋಡಣೆ. ಒಂದು ಸಡಿಲಾಗಿ ಆಯಿಲ್ ಸೋರಿಹೋದರೆ ಎಂಜಿನ್ನೇ ಹೋದಂತೆ. ಬೇಕೇ ಬೇಕು ಎಂದಾದರೆ ನಾನೇ ಮುಂದೆ ನಿಂತು ಹಾಕಿಸುತ್ತಿದ್ದೆ. ಆದರೆ ಬಾಯಿ ತೆರೆಸಿ ನೋಡದೆ ಹಲ್ಲು ಕೀಳುವ ಡಾಕ್ಟರು ಎಲ್ಲಾದರೂ ಉಂಟೇ? ಈ ಮನುಷ್ಯ ಅದನ್ನೇ ಮಾಡಹೊರಟಿದ್ದ.

ಮರುದಿನ ಬೆಳಿಗ್ಗೆ ದವಾಖಾನೆಯಿಂದ ಹಣೆಗೆ ಕಟ್ಟುವ ದೀಪ, ಬಾಯೊಳಗೆ ನೋಡುವ ಪುಟ್ಟ ಕನ್ನಡಿ, ಉದ್ದನೆಯ ಚಿಮಟ ತಂದೆ. ಅಂಗಳದಲ್ಲಿ ಗಾಡಿಯ ಮುಂದೆ ಚಾಪೆ ಹಾಸಿ ಬೋರಲಾಗಿ ಮಲಗಿದೆ. ನಮ್ಮವರು ಗಾಬರಿಯಾಗಿ ಓಡಿಬಂದರು.

"ಏನಾತು? ಬಿದ್ದಿಯೇನು?"

"ಪೇಶಂಟ್ ನೋಡಾಕತ್ತೀನಿ. ಬೆಳಕಿಗೆ ಅಡ್ಡ ನಿಂದರಬ್ಯಾಡ್ರಿ."

ಬಂಪರಿನ ಕೆಳಗಿನ ಸಂದಿಯಲ್ಲಿ ಕನ್ನಡಿ ತೂರಿಸಿದೆ. ಜಾಲರಿ ಕಾಣಬೇಕಾದಲ್ಲಿ ಜಾಲರಿಯೇ ಇಲ್ಲ! ಕಂದು ಬಣ್ಣದ ಹೊಟ್ಟು, ಮುರಿದ ಕಡ್ಡಿ, ಒಣಗಿದ ಎಲೆ ಹಾಸಿಗೆಗೆ ಹತ್ತಿ ತುಂಬಿದಂತೆ ಗಟ್ಟಿಯಾಗಿ ಕೂತಿವೆ. ಗಾಡಿ ತಗ್ಗಿನದು, ಅದರ ಮೂತಿ ನೆಲ ಸವರುವಂಥದ್ದು. ಗುರುವಾರ ಗುರುವಾರ ಬಾಗಲವಾಡದ ರಸ್ತೆಯ ಕಡಲೆಯನ್ನೆಲ್ಲ ಬಾಚಿ ಒಳಗೆ ತುಂಬಿಕೊಂಡಿದೆ. ಗಾಳಿ ಹೋಗಲು ದಾರಿಯೇ ಇಲ್ಲದ ಮೇಲೆ ಅದು ಕಾಯದೆ ಇನ್ನೇನು ಮಾಡೀತು? ಚಿಮಟದಿಂದ ಒಂದು ಹಿಡಿ ಕಿತ್ತು ತೆಗೆದು ನಮ್ಮವರ ಅಂಗೈಗೆ ಹಾಕಿದೆ.

"ತಗೋರಿ, ನಿಮ್ಮ ಸಾದಾ ಲೆಕ್ಕ."

ಅವರು ಕನ್ನಡಕ ಏರಿಸಿ ನೋಡಿದರು. "ಇದು ಕಡಲಿ ಹೊಟ್ಟಲ್ಲೇನು?"

"ಅಲ್ಲ, ಬಂಗಾರ!"

ಕೈಗೆ ಸಿಕ್ಕಷ್ಟು ತೆಗೆದೆ. ಉಳಿದದ್ದಕ್ಕೆ ಬಂಪರ್ ಬಿಚ್ಚಲೇಬೇಕಿತ್ತು. ಗ್ಯಾರೇಜಿಗೆ ಹೋಗಿ, ಬಿಚ್ಚುವವರೆಗೂ ಏಳುವುದಿಲ್ಲವೆಂದು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮಾಲೀಕ ಗೊಣಗುತ್ತಲೇ ಬಿಚ್ಚಿದ. ಗಾಳಿ ಪೈಪು ಹಿಡಿದದ್ದೇ ತಡ, ಗ್ಯಾರೇಜಿನ ತುಂಬ ಹೊಟ್ಟು ಹಾರಿ ಆತನ ಮೀಸೆಗೂ ಅಂಟಿಕೊಂಡಿತು. ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಆತ ಮೀಸೆ ಒರೆಸಿಕೊಂಡು ಜೇಬಿನಿಂದ ಫೋನ್ ತೆಗೆದ.

"ಸಾಹೇಬ್ರ, ನಮಸ್ಕಾರ್ರೀ. ಕೂಲರಿನಾಗ ಹೊಟ್ಟು ತುಂಬಿತ್ತರೀ. ನಾವು ನೋಡಿ ಸ್ವಚ್ಛ ಮಾಡೀವಿ."

ನಾವು ನೋಡಿ! ನಾವು! ಆ ಕ್ಷಣಕ್ಕೆ ಕೈಯಲ್ಲಿ ಇಕ್ಕಳವಿದ್ದಿದ್ದರೆ ಆತನ ಮುಂದಿನ ಹಲ್ಲುಗಳ ಗತಿ ಏನಾಗುತ್ತಿತ್ತೋ. "ನೋಡಿದಾಕಿ ನಾನು! ಎದುರಿಗೇ ಕೂತೀನಿ, ಕಣ್ಣು ಕಾಣಸಂಗಿಲ್ಲೇನು?" ಎಂದು ಗುಡುಗಿದೆ. ಆತ ಫೋನಿಗೆ ಕೈ ಅಡ್ಡ ಹಿಡಿದು, "ಯಾಕ್ರೀ ಮೇಡಮ್, ಇಷ್ಟ ಮಾತಿಗೆ ಸಿಟ್ಟು?" ಎಂದ. "ಹೊಸಾ ಕೂಲರಿಗೆ ಹೇಳಿದ್ದು ಹಂಗ ಇರಲಿ. ಗುರುವಾರ ಮತ್ತ ಕಾಯ್ತದ, ನೋಡ್ರಿ ಬೇಕಾದ್ರ."

ಗುರುವಾರ ಮಾನ್ವಿಯಿಂದ ಹೊರಟಾಗಿನಿಂದ ನನ್ನ ಕಣ್ಣು ಮುಳ್ಳಿನ ಮೇಲೇ ಇತ್ತು. ಮುಳ್ಳು ಮತ್ತೆ ಏರಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ, ಗಾಡಿಯೂ ಉಳಿಯುವುದಿಲ್ಲ. ಬಾಗಲವಾಡದ ಹತ್ತಿರ ಬಂದೆ. ಮತ್ತೆ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಕಡಲೆ! ಗಕ್ಕನೆ ಬ್ರೇಕ್ ಹಾಕಿದೆ. ತಲೆಗೆ ಟವೆಲ್ ಸುತ್ತಿಕೊಂಡು ಗಿಡ ತಿರುವಿಹಾಕುತ್ತಿದ್ದ ಹೆಂಗಸೊಬ್ಬಳು ಕೈ ಬೀಸಿದಳು.

"ಹಾಯ್ಸು ಯವ್ವಾ, ಹಾಯ್ಸು!"

"ಹಾಯ್ಸಂಗಿಲ್ಲ!" ಇಷ್ಟು ದಿನದ ಸಿಟ್ಟೆಲ್ಲ ಬಾಗಿಲು ತೆರೆದುಕೊಂಡು ನನ್ನ ಜೊತೆಗೇ ಇಳಿಯಿತು. "ನಿಮ್ಮ ಹೊಟ್ಟು ಒಳಗ ತುಂಬಿ ಗಾಡಿ ಕೆಟ್ಟು ನಿಂದರಾಕತ್ತದ. ರಸ್ತಾ ಏನು ನಿಮ್ಮಪ್ಪಂದೇನು?"

ಆಕೆ ಬೆದರಲಿಲ್ಲ, ತಿರುಗಿ ಬೈಯಲೂ ಇಲ್ಲ. ಹತ್ತಿರ ಬಂದು, ಬಗ್ಗಿ, ಗಾಡಿಯ ಮೂತಿ ಎಷ್ಟು ತಗ್ಗಿದೆ ಎಂದು ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು.

"ಯಾರದು ಯವ್ವಾ ಈ ಗಾಡಿ?"

"ನಂದು." ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಗಂಡ ಎಲ್ಲಿ, ಡ್ರೈವರ್ ಎಲ್ಲಿ. ಹಲ್ಲು ಕಚ್ಚಿ ಕಾದೆ.

"ಹಂಗಾರ ನೀನ ಹೇಳು. ಎಷ್ಟು ಸರಸಲಿ?"

ನನ್ನ ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು. ಕೈ ಚಾಚಿ, ಇಲ್ಲಿಂದ ಇಲ್ಲಿವರೆಗೆ ಎಂದು ತೋರಿಸಿದೆ. ಆಕೆ ಸರಸರ ಗಿಡಗಳನ್ನು ಒಂದು ಬದಿಗೆ ಎಳೆದಳು. ನಾನೂ ಸೆರಗು ಸಿಕ್ಕಿಸಿ ಒಂದು ತೆಕ್ಕೆ ಎಳೆದೆ. ಗಾಡಿ ಹೋಗುವಷ್ಟು ಕಪ್ಪು ರಸ್ತೆ ಕಾಣಿಸಿತು.

ಕವಿತಾಳ ದಾಟಿತು. ಆ ಬೇವಿನ ಮರವೂ ದಾಟಿತು. ಮುಳ್ಳು ಅರ್ಧದಿಂದ ಅಲುಗಲಿಲ್ಲ. ದೇವದುರ್ಗದಲ್ಲಿ ಗಾಡಿ ನಿಲ್ಲಿಸುವಾಗ ನಮ್ಮವರ ಫೋನು ಬಂತು.

"ಕಾಯ್ತೇನು?"

"ಇಲ್ಲ."

"ಹೌದಾ! ಮತ್ತ ಆ ಗ್ಯಾರೇಜಿನಾಂವ ಹೈದರಾಬಾದಿನವರಿಗೆ ಏನ ಹೇಳ್ಲಿ ಅಂತ ಎರಡ ಸಲ ಫೋನ್ ಮಾಡ್ಯಾನ. ಕೂಲರ್ ಬೇಕಂತ ಹೇಳ್ಲೋ, ಬ್ಯಾಡಂತ ಹೇಳ್ಲೋ?"

"ನೀವೇನೂ ಹೇಳಬ್ಯಾಡ್ರಿ" ಎಂದೆ. "ಫೋನ್ ಇಡ್ರಿ. ಅವಗ ನಾ ಹೇಳ್ತೀನಿ."