ಹುಳದ ಮನೆಯ ಬಾಗಿಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ರೇಷ್ಮೆ ಹುಳಗಳಿಗೆ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಹುತ್ತೂರಿನ ಕಡೆಯ ನಮ್ಮೂರಿನಲ್ಲಿ ಹಿಪ್ಪುನೇರಳೆ ತೋಟ ಇಲ್ಲದ ಮನೆಯೇ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಒಂದು ದೊಡ್ಡ, ತಂಪಾದ ಕೋಣೆ ಹುಳಗಳ ಪಾಲು. ಅದನ್ನು ಹುಳದ ಮನೆ ಎನ್ನುತ್ತಿದ್ದೆವು. ನಾವು ಮನುಷ್ಯರು ಅಡುಗೆಮನೆಯ ಪಕ್ಕದಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದೆವು. ಹುಳದ ಮನೆಯ ಬಾಗಿಲಲ್ಲಿ ಒಂದು ಕೊಳಗ ನೀರು, ಪಕ್ಕದಲ್ಲಿ ಸುಣ್ಣದ ಪುಡಿ. ಕೈಕಾಲು ತೊಳೆಯದೆ ಒಳಗೆ ಹೋದರೆ ಅಮ್ಮನ ಏಟು ಖಂಡಿತ. ಹೊರಗಿನವರಂತೂ ಹೊಸ್ತಿಲು ದಾಟುವ ಹಾಗೇ ಇರಲಿಲ್ಲ. ಅವರ ಕಾಲಿನ ಜೊತೆ ರೋಗ ಒಳಗೆ ಬಂದರೆ ಇಡೀ ಬೆಳೆ ಹೋಗುತ್ತದೆ ಎಂದು ಊರಿಗೆ ಊರೇ ಹೆದರುತ್ತಿತ್ತು.

ಹುಳ ಬೆಳೆಯುವಾಗ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಚರ್ಮ ಬದಲಿಸುತ್ತದೆ. ಅದಕ್ಕೆ ನಮ್ಮ ಕಡೆ ಹುಳ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಹುಳದ ಮನೆಯಲ್ಲಿ ಒಂದು ಚೂರೂ ಸದ್ದಿಲ್ಲ. ನಾವು ಪಡಸಾಲೆಯಲ್ಲಿ ಓಡಿದರೂ ಬೈಗುಳ. ಆದರೆ ನಾಲ್ಕನೇ ಜ್ವರದಿಂದ ಎದ್ದ ಮೇಲೆ ನೋಡಬೇಕು, ಅಬ್ಬಬ್ಬಾ, ಹಸಿವೋ ಹಸಿವು! ಬುಟ್ಟಿಗಟ್ಟಲೆ ಸೊಪ್ಪು ಹಾಕಿದರೂ ಸಾಲದು. ಸಾವಿರಾರು ಹುಳ ಒಟ್ಟಿಗೆ ತಿನ್ನುವ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಜಗಲಿಯ ತನಕ ಕೇಳಿಸುತ್ತಿತ್ತು. ಈ ಸದ್ದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹುಳ ಹಣ್ಣಾಗುವ ಹೊತ್ತಿಗೆ ಗೂಡು ಕಟ್ಟಲು ಚಂದ್ರಿಕೆ ಬೇಕು. ಬಾಗಿಲಷ್ಟು ದೊಡ್ಡ ಬಿದಿರಿನ ತಟ್ಟಿ ಅದು, ಮೈತುಂಬ ಸುರುಳಿ ಸುತ್ತಿದ ಬಿದಿರಿನ ಪಟ್ಟಿ. ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಬಾಡಿಗೆಗೆ ಕೊಡುತ್ತಿದ್ದವರು ಮುಳಬಾಗಿಲು ಕಡೆಯ ಒಬ್ಬ ಸಾಬರು. ದೊಡ್ಡವರು ಅವರನ್ನು ಚಂದ್ರಿಕೆ ಸಾಬ್ರು ಅಂದರೆ, ನಾವು ಮಕ್ಕಳು ಚಾಚಾ ಅನ್ನುತ್ತಿದ್ದೆವು. ಅವರದು ಅಪ್ಪನ ಜೊತೆ ತೆಲುಗು, ಅಮ್ಮನ ಜೊತೆ ಕನ್ನಡ, ತಮ್ಮ ಮಗಳ ಜೊತೆ ಉರ್ದು. ಮಗಳು ನನ್ನ ವಯಸ್ಸಿನವಳು, ಗಾಡಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಬರುತ್ತಿದ್ದಳು. ನನ್ನ ಎರಡು ಜಡೆ ನೋಡಿ ಎತ್ತಿನ ಕೊಂಬು ಎಂದು ರೇಗಿಸುತ್ತಿದ್ದಳು. ಚಾಚಾ ಹುಳ ನೋಡಬೇಕೆಂದರೆ ಹೊಸ್ತಿಲ ಹೊರಗೆ ನಿಂತು ಕತ್ತು ಚಾಚುತ್ತಿದ್ದರೇ ಹೊರತು ಒಳಗೆ ಕಾಲಿಟ್ಟವರಲ್ಲ. ಅಮ್ಮನಿಗೆ ಅವರ ಮೇಲೆ ಗೌರವ ಬಂದದ್ದೇ ಅದಕ್ಕೆ.

ನಾನು ಹೇಳಹೊರಟ ದಿನದ ಹಿಂದಿನ ಸಂಜೆ ಪೇಟೆಯಲ್ಲಿ ಗಲಾಟೆ ಆಗಿತ್ತು. ದೇವರ ಮೆರವಣಿಗೆ ಮಸೀದಿಯ ಮುಂದೆ ಬಂದಾಗ ತಮಟೆ ನಿಲ್ಲಿಸಿ ಎಂದು ಮಸೀದಿಯವರು, ನಿಲ್ಲಿಸುವುದಿಲ್ಲ ಎಂದು ಮೆರವಣಿಗೆಯವರು. ಮಾತಿಗೆ ಮಾತು ಬೆಳೆದು ಕಲ್ಲು ಬಿತ್ತು. ಮೊದಲ ಕಲ್ಲು ಯಾರದ್ದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದೊಡ್ಡಪ್ಪನ ಮಗ, ನಮ್ಮಣ್ಣ, ಟೊಮೆಟೊ ಮಾರಲು ಹೋದವನು ಸುಮ್ಮನೆ ರಸ್ತೆಯ ಅಂಚಿನಲ್ಲಿ ನಿಂತಿದ್ದನಂತೆ. ಅವನ ತಲೆ ಒಡೆಯಿತು. ಅಪ್ಪ, ದೊಡ್ಡಪ್ಪ ಇಬ್ಬರೂ ಅವನನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದರು, ಅಪ್ಪ ಅಲ್ಲೇ ಉಳಿದರು. ದೊಡ್ಡಪ್ಪ ಮಾರನೆಯ ದಿನ ಬೆಳಗಿನ ಬಸ್ಸಿಗೆ ಊರಿಗೆ ಬಂದರು. ಅಂಗಿಯ ಮೇಲೆ ಅಣ್ಣನ ರಕ್ತದ ಕಲೆ ಹಾಗೇ ಇತ್ತು. ಯಾರ ಜೊತೆಯೂ ಮಾತಾಡದೆ ಅರಳಿಕಟ್ಟೆಯ ಮೇಲೆ ಕೂತರು. ಅವರ ಸುತ್ತ ಜನ ಸೇರಿದರು, ದೊಣ್ಣೆಗಳೂ ಸೇರಿದವು. ಹುಡುಗ ಬದುಕುವುದಿಲ್ಲವಂತೆ ಎಂದು ಯಾರೋ ಅಂದರು. ಹೋಗೇ ಬಿಟ್ಟನಂತೆ ಎಂದು ಇನ್ನೊಬ್ಬರು. ಎರಡೂ ಸುಳ್ಳು, ಆದರೆ ಸುಳ್ಳು ಎಂದು ಆಗ ಯಾರು ಹೇಳಬೇಕು?

ಇದ್ಯಾವುದೂ ಗೊತ್ತಿಲ್ಲದೆ, ಬಿಸಿಲೇರುವ ಹೊತ್ತಿಗೆ ಚಾಚಾನ ಗಾಡಿ ತೋಟದ ದಾರಿಯಿಂದ ಬಂದು ನಮ್ಮ ಹಿತ್ತಲಲ್ಲಿ ನಿಂತಿತು. ಅಮ್ಮ ಗಾಡಿ ನೋಡಿದವಳೇ ಬಿಳಿಚಿಕೊಂಡಳು.

"ಇವತ್ತೇ ಯಾಕ್ ಬಂದ್ರಿ ಸಾಬ್ರೇ? ನಿಮ್ಗೇನ್ ತಲೆ ಕೆಟ್ಟಿದ್ಯಾ?" ಎಂದು ಹಲ್ಲು ಕಚ್ಚಿಕೊಂಡು ಕೇಳಿದಳು. ನಡೆದದ್ದನ್ನು ಹೇಳುವಷ್ಟರಲ್ಲಿ ಅರಳಿಕಟ್ಟೆಯ ಕಡೆಯಿಂದ ಕೂಗಾಟ ಕೇಳಿಸಿತು. ಗಾಡಿ ಬಂದದ್ದನ್ನು ಯಾರೋ ನೋಡಿದ್ದರು.

ಅಮ್ಮ ಹುಳದ ಮನೆಯ ಬಾಗಿಲು ತೆಗೆದಳು. "ಒಳಕ್ಕೋಗಿ."

ಚಾಚಾ ಹೊಸ್ತಿಲ ಮುಂದೆ ನಿಂತೇಬಿಟ್ಟರು. ಮಗಳು ಅವರ ಅಂಗಿ ಹಿಡಿದಿದ್ದಳು. ಆದರೂ ಅವರ ಬಾಯಲ್ಲಿ ಬಂದದ್ದು ಇಷ್ಟೇ: "ಅಮ್ಮಾ, ಹುಳ..."

"ಹುಳ ಹಾಳಾಗೋಗ್ಲಿ, ನಡೀರಿ!" ಎಂದು ಅಮ್ಮ ಅವರನ್ನು ಬೆನ್ನ ಮೇಲೆ ಕೈಯಿಟ್ಟು ತಳ್ಳಿದಳು. ಹುಳಕ್ಕೆ ಜೀವ ಬಿಡುವ ನಮ್ಮಮ್ಮ ಹಾಗೆ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಾಗಿಲೆಳೆದು ಚಿಲಕ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನಾನು ಅವಳ ಸೀರೆಯ ನಿರಿಗೆ ಹಿಡಿದುಕೊಂಡೆ.

ಜನ ನುಗ್ಗಿದರು. ಎಲ್ಲ ಗುರುತಿನ ಮುಖಗಳೇ, ಬೇರೆ ದಿನವಾಗಿದ್ದರೆ ನನ್ನ ಕೆನ್ನೆ ಹಿಂಡಿ ಹೋಗುವವರೇ. ಅವತ್ತು ಒಬ್ಬರೂ ನನ್ನ ಮುಖ ನೋಡಲಿಲ್ಲ. ಅಡುಗೆಮನೆ, ಅಟ್ಟ, ಕೊಟ್ಟಿಗೆ, ಎಲ್ಲ ಜಾಲಾಡಿದರು. ರಾಗಿ ತುಂಬಿದ ಗುಡಾಣ ಉರುಳಿ ನೆಲದ ತುಂಬ ರಾಗಿ ಚೆಲ್ಲಿತು. ಕೊನೆಗೆ ಉಳಿದದ್ದು ಒಂದೇ ಬಾಗಿಲು.

ದೊಡ್ಡಪ್ಪ ಮುಂದೆ ಬಂದರು. ಕಣ್ಣು ಕೆಂಡದ ಹಾಗಿತ್ತು. "ಬಾಗಿಲು ತೆಗಿಯಮ್ಮಾ."

ದೊಡ್ಡಪ್ಪನ ಎದುರು ಅಮ್ಮ ಯಾವತ್ತೂ ತಲೆಯೆತ್ತಿ ಮಾತಾಡಿದವಳಲ್ಲ. ಅವತ್ತು ಮಾತಾಡಿದಳು. "ಆಗಲ್ಲ ಭಾವ. ಹುಳ ನಾಕ್ನೇ ಜ್ವರಕ್ಕೆ ಕೂತವೆ. ಯಾರೂ ಒಳಕ್ ಬರಂಗಿಲ್ಲ."

ಆ ಮಾತಿಗೆ ಎಲ್ಲರೂ ತಟ್ಟನೆ ನಿಂತರು. ಅಷ್ಟು ಕೋಪದಲ್ಲೂ ನಿಂತರು, ಯಾಕೆಂದರೆ ಅಲ್ಲಿದ್ದವರೆಲ್ಲ ಹುಳ ಸಾಕುವವರೇ. ಜ್ವರಕ್ಕೆ ಕೂತ ಹುಳದ ಬಾಗಿಲನ್ನು ಶತ್ರುವಿನ ಮನೆಯಲ್ಲೂ ಯಾರೂ ತೆಗೆಸುವುದಿಲ್ಲ. ಕೂಗಾಟ ನಿಂತು ಪಡಸಾಲೆ ಗಪ್‌ಚಿಪ್ ಆಯಿತು.

ಆಗ ಕೇಳಿಸಿತು. ಬಾಗಿಲ ಹಿಂದಿನಿಂದ, ಸಣ್ಣ ಮಳೆಯ ಹಾಗೆ, ಹುಳ ಸೊಪ್ಪು ತಿನ್ನುವ ಸದ್ದು.

ನಾಲ್ಕನೇ ಜ್ವರ ಮುಗಿದು ಹುಳಗಳು ಎದ್ದು ಆಗಲೇ ಎರಡು ದಿನವಾಗಿತ್ತು. ಬೆಳಿಗ್ಗೆ ತಟ್ಟೆತಟ್ಟೆಗೂ ಸೊಪ್ಪು ಸುರಿದವಳು ಅಮ್ಮನೇ! ಹುಳದ ಉಸಿರಾಟವನ್ನೂ ಬಲ್ಲ ಅಮ್ಮ ಹೆದರಿಕೆಯಲ್ಲಿ ಒಂದು ಸುಳ್ಳು ಹೇಳಹೋಗಿ, ಆ ಊರಿನಲ್ಲಿ ಹಾಲು ಕುಡಿಯುವ ಮಗುವೂ ನಂಬದ ಸುಳ್ಳನ್ನೇ ಹೇಳಿಬಿಟ್ಟಿದ್ದಳು. ಮುಗಿಯಿತು, ಅಂದುಕೊಂಡೆ. ಆ ಹುಡುಗಿಯ ಮುಖ ನೆನಪಾಗಿ ನನಗೆ ಅಳು ಒತ್ತರಿಸಿ ಬಂತು.

ದೊಡ್ಡಪ್ಪ ಇನ್ನೂ ಹತ್ತಿರ ಬಂದು ಬಾಗಿಲ ಹಲಗೆಯ ಪಕ್ಕ ತಲೆ ಬಾಗಿಸಿದರು. ಅಮ್ಮ ಜರುಗಲಿಲ್ಲ. "ಭಾವಾ, ಈ ಬಾಗಿಲು ತೆಗೆದ್ರೆ ಒಳಗಿರೋ ಜೀವ ಉಳಿಯಲ್ಲ. ನಿಮ್ಮ ಕಾಲಿಗ್ ಬೀಳ್ತೀನಿ" ಎಂದಳು.

ದೊಡ್ಡಪ್ಪ ಹಲಗೆಗೆ ಕಿವಿಯಿಟ್ಟು ಆಲಿಸಿದರು. ಆಮೇಲೆ ನೆಟ್ಟಗಾಗಿ ತಿರುಗಿದರು. "ಹೌದು. ಜ್ವರಕ್ಕೆ ಕೂತವೆ."

"ಏನ್ ಹೇಳ್ತಿದ್ದೀಯಾ? ತಿಂತಾ ಇರೋ ಸದ್ದು ಕೇಳಲ್ವಾ ನಿಂಗೆ?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಏನ್ಲಾ? ನಾನು ಹುಳ ಸಾಕೋಕ್ ಹಿಡ್ದಾಗ ನೀನಿನ್ನೂ ಹುಟ್ಟೇ ಇರ್ಲಿಲ್ಲ. ತಲೆ ಒಡ್ಸ್ಕೊಂಡೋನು ನನ್ ಮಗ, ನಿನ್ ಮಗ ಅಲ್ಲ. ಜ್ವರ ಅಂದ್ರೆ ಜ್ವರ. ಪೋಂಡ್ರಾ, ಹೋಗ್ರೋ!" ದೊಡ್ಡಪ್ಪನಿಗೆ ಸಿಟ್ಟು ಬಂದರೆ ತೆಲುಗು ತಾನಾಗಿ ಬರುತ್ತಿತ್ತು. ಜನ ಒಬ್ಬೊಬ್ಬರಾಗಿ, ಚೆಲ್ಲಿದ ರಾಗಿ ತುಳಿಯದ ಹಾಗೆ ಕಾಲೆತ್ತಿಡುತ್ತಾ ಹೊರಗೆ ಹೋದರು. ಒಬ್ಬ ಮಾತ್ರ ಗೊಣಗುತ್ತಲೇ ಹೋದ.

ದೊಡ್ಡಪ್ಪ ಹೋಗಲಿಲ್ಲ. ಅದೇ ಬಾಗಿಲ ಮುಂದೆ ದೊಣ್ಣೆ ಅಡ್ಡ ಇಟ್ಟುಕೊಂಡು ಕೂತರು. ಸಂಜೆಯವರೆಗೂ ಕೂತರು. ಅಮ್ಮ ಕೊಟ್ಟ ಮುದ್ದೆಯನ್ನು ಮುಟ್ಟಲಿಲ್ಲ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಬೆಳಕು ಇಳಿಯುವ ಹೊತ್ತಿಗೆ ತಾವೇ ಚಾಚಾನ ಗಾಡಿ ಕಟ್ಟಿ, ಅಪ್ಪ ಮಗಳನ್ನು ಅದರಲ್ಲಿ ಮಲಗಿಸಿ, ಯಾರಿಗೂ ಕಾಣದ ಹಾಗೆ ಮೇಲೆ ಚಂದ್ರಿಕೆಗಳನ್ನು ಒರಗಿಸಿ, ಮುಳಬಾಗಿಲು ರಸ್ತೆಯವರೆಗೂ ಗಾಡಿ ಹೊಡೆದರು. ದೊಡ್ಡಪ್ಪ ಹೊಡೆಯುವ ಗಾಡಿಯನ್ನು ತಡೆಯುವ ಧೈರ್ಯ ಯಾರಿಗಿತ್ತು? ದಾರಿಯುದ್ದಕ್ಕೂ ಚಾಚಾನ ಜೊತೆ ಒಂದು ಮಾತೂ ಆಡಲಿಲ್ಲವಂತೆ. ಅವರ ಸಿಟ್ಟು ಇಳಿದಿರಲಿಲ್ಲ. ಸಿಟ್ಟು ಇಟ್ಟುಕೊಂಡೇ ಗಾಡಿ ಹೊಡೆದರು.

ಅಣ್ಣ ಬದುಕಿದ, ಹಣೆಯ ಮೇಲೆ ಗಾಯದ ಗುರುತು ಉಳಿಯಿತು. ಹುಳ ಹಣ್ಣಾದ ದಿನ ಚಾಚಾ ಮತ್ತೆ ಚಂದ್ರಿಕೆ ತಂದರು, ಹಳೆಯ ಹಾಗೇ ಹೊಸ್ತಿಲ ಹೊರಗೇ ನಿಂತರು. "ಒಳಗ್ ಬನ್ನಿ ಸಾಬ್ರೇ" ಎಂದು ಅಮ್ಮ ಕರೆದರೂ ಬರಲಿಲ್ಲ. ದೊಡ್ಡಪ್ಪ ಬಂದು ಚಂದ್ರಿಕೆಯ ಇನ್ನೊಂದು ತುದಿ ಹಿಡಿದು ಇಳಿಸಿದರು.

ಮಕ್ಕಳೇ, ಈಗ ನಮ್ಮ ಹುಳದ ಮನೆ ತೋಟದ ನಡುವಿನ ಶೆಡ್ಡು, ಚಂದ್ರಿಕೆ ಪ್ಲಾಸ್ಟಿಕ್‌ದು. ನಿಮಗೊಬ್ಬೊಬ್ಬರಿಗೆ ಒಂದೊಂದು ಮಂಚ ಇದೆ, ಸಂತೋಷ. ಆದರೆ ನಿನ್ನೆ ದೊಡ್ಡ ಮೊಮ್ಮಗ ಫೋನು ತಂದು ತೋರಿಸಿದನಲ್ಲ, ಯಾವುದೋ ಊರಿನ ಗಲಾಟೆಯ ವಿಡಿಯೊ, ಎಲ್ಲರಿಗೂ ಕಳಿಸಿ ಎಂದು ಕೆಳಗೆ ಬರೆದಿತ್ತು. ಯಾರು ಯಾರಿಗೆ ಹೊಡೆದರು, ಯಾವ ಊರು, ಯಾವಾಗ, ಒಂದೂ ಅವನಿಗೆ ಗೊತ್ತಿಲ್ಲ. ಬೆರಳು ಮಾತ್ರ ಕಳಿಸಲು ಸಿದ್ಧ. ನಿನ್ನೆ ಅವನ ಕೈ ಹಿಡಿದು ಕೂರಿಸಿ ಈ ಕಥೆ ಹೇಳಿದ್ದೂ, ಇವತ್ತು ನಿಮಗೆಲ್ಲ ಹೇಳುತ್ತಿರುವುದೂ ಅದಕ್ಕೆ. ನಮ್ಮ ಕಾಲದಲ್ಲಿ ಸಿಟ್ಟಾದವರು ಓಣಿ ದಾಟಿ ಬಂದು ಒಬ್ಬರ ಬಾಗಿಲ ಮುಂದೆ ನಿಲ್ಲಬೇಕಿತ್ತು. ಅಲ್ಲಿ ಅಮ್ಮ ಇರುತ್ತಿದ್ದಳು, ಅವಳ ಮುಖ ಕಾಣಿಸುತ್ತಿತ್ತು. ನಿಮ್ಮ ಕಾಲದ ಸಿಟ್ಟು ಕೂತಲ್ಲಿಂದಲೇ ಊರೂರು ಸುತ್ತುತ್ತದೆ, ದಾರಿಯಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ.

"ಅಜ್ಜಿ, ನಿಮ್ ದೊಡ್ಡಪ್ಪಂಗೆ ನಿಜವಾಗ್ಲೂ ಸದ್ದು ಕೇಳಿಸ್ಲಿಲ್ವಾ?" ಎಂದು ಕಥೆ ಮುಗಿದಾಗ ಅವನು ಕೇಳಿದ.

ನನ್ನ ಮದುವೆಯ ದಿನ ನಾನೂ ದೊಡ್ಡಪ್ಪನನ್ನು ಇದನ್ನೇ ಕೇಳಿದ್ದೆ. ಅವರು ಹೇಳಿದ್ದನ್ನೇ ಅವನಿಗೆ ಹೇಳಿದೆ: "ಕೇಳಿಸ್ತು ಕಣೇ. ಹುಳ ತಿನ್ನೋದೂ ಕೇಳಿಸ್ತು. ಅದರ ಹಿಂದೆ ಒಂದು ಮಗು ಬಾಯಿಗೆ ಬಟ್ಟೆ ತುರುಕ್ಕೊಂಡು ಅಳ್ತಾ ಇದ್ದದ್ದೂ ಕೇಳಿಸ್ತು. ಆಸ್ಪತ್ರೇಲಿ ನನ್ ಮಗನೂ ಹಂಗೇ ಅಳ್ತಿದ್ದ."

ಮೊಮ್ಮಗ ಫೋನನ್ನು ಒಮ್ಮೆ ನೋಡಿ ಜೇಬಿಗೆ ಹಾಕಿಕೊಂಡ. ಆ ವಿಡಿಯೊ ನಮ್ಮ ಮನೆಯ ಹೊಸ್ತಿಲು ದಾಟಿ ಮುಂದೆ ಹೋಗಲಿಲ್ಲ.