ಉಣುಗೋಲು ಹಾಕಿದ ಕೈ

ತೆರೆದ ಗೇಟು ಕಂಡರೆ ದೇವದಾಸನ ಕೈ ತುರಿಸುತ್ತಿತ್ತು. ಲಂಡನ್ನಿನ ರೇನರ್ಸ್ ಲೇನಿನ ಮನೆಯಿಂದ ತಾನು ದೋಸೆ ಹುಯ್ಯುವ ಹೋಟೆಲಿಗೆ ನಡೆದು ಹೋಗುವಾಗ, ಯಾರದೇ ಮನೆಯಂಗಳದ ಗೇಟು ಬಾಯಿ ಬಿಟ್ಟುಕೊಂಡಿದ್ದರೂ ಎಳೆದು ಚಿಲಕ ಹಾಕಿಯೇ ಮುಂದಿನ ಹೆಜ್ಜೆ. ಪೋಸ್ಟಿನವನು ತೆರೆದಿಟ್ಟು ಹೋದದ್ದನ್ನು ಹಿಂದಿನಿಂದ ದೇವದಾಸ ಮುಚ್ಚಿಕೊಂಡು ಬರುತ್ತಾನೆ ಎಂದು ಬೀದಿಯವರೆಲ್ಲ ನಗುತ್ತಿದ್ದರು.

ಅದು ಅವನು ಕುಂದಾಪುರದ ಕಡೆಯ ಹಳ್ಳಿಯಿಂದ ಹೊತ್ತು ತಂದ ಆಸ್ತಿ. ಅಲ್ಲಿ ಗದ್ದೆಬಯಲಿಗೆ ಇಳಿಯುವ ದಾರಿಯಲ್ಲಿ ಎರಡು ಕಂಬ ನೆಟ್ಟು, ನಡುವೆ ಅಡ್ಡಡ್ಡ ಗಳ ತೂರಿಸಿರುತ್ತಾರೆ. ಅದೇ ಉಣುಗೋಲು. ಸರಿಸಿ ದಾಟಿದವನು ತಿರುಗಿ ಹಾಕಿ ಹೋಗಬೇಕು. ಹಾಕದಿದ್ದರೆ ಊರ ದನ ಸಸಿಗೆ ಬಾಯಿ ಹಾಕುತ್ತದೆ, ಊರವರ ಬಾಯಿ ಅವನ ಮೇಲೆ ಬೀಳುತ್ತದೆ. "ಉಣುಗೋಲ್ ಹಾಕ್ದೆ ಹೋಪವ ಕಾಶಿಗ್ ಹೋರೂ ದಾರಿ ಸಿಕ್ಕುದಿಲ್ಲೆ" ಎನ್ನುತ್ತಿದ್ದಳು ಅವನ ಅಜ್ಜಿ. ದೇವದಾಸ ಕಾಶಿ ಬಿಟ್ಟು ಲಂಡನ್ನಿಗೆ ಬಂದ. ಕೈಯ ಬುದ್ಧಿ ಮಾತ್ರ ಹಾಗೇ ಉಳಿಯಿತು.

ಹ್ಯಾರೋ ಸುತ್ತಿನ ಕನ್ನಡದ ಮನೆಗಳವರು ಬೇಸಗೆಗೊಮ್ಮೆ ಬಾಡಿಗೆ ಬಸ್ಸು, ಅಲ್ಲಿಯವರ ಮಾತಿನಲ್ಲಿ ಕೋಚು, ಮಾಡಿಕೊಂಡು, ಪಟ್ಟಣ ದಾಟಿ, ಹೊಲಗದ್ದೆಗಳ ಕೌಂಟಿಯೊಂದಕ್ಕೆ ಹೋಗುವ ರೂಢಿ. ಅಲ್ಲಿ ಮಾರ್ಗರೆಟ್ ಎಂಬ ಮುದುಕಿಯ ಫಾರ್ಮು. ವರ್ಷಕ್ಕೊಂದು ದಿನ ಆಕೆ ಹೊಲ ತೆರೆದಿಟ್ಟು ಸುತ್ತಲಿನವರಿಗೆಲ್ಲ ಹಬ್ಬ ಮಾಡಿಸುತ್ತಿದ್ದಳು. ಗೋಣಿಚೀಲದ ಓಟ, ರಬ್ಬರ್ ಬೂಟು ಎಸೆಯುವ ಪಂದ್ಯ, ಕುರಿ ತುಪ್ಪಟ ಕತ್ತರಿಸುವುದು, ಕೊನೆಗೆ ಹಗ್ಗಜಗ್ಗಾಟ. ಓಕ್ ಮರದಡಿಯ ನೆರಳು ನಮ್ಮವರಿಗೆಂದೇ ಮೀಸಲು. ದೇವದಾಸ ಒಲೆ ಹೂಡಿದನೆಂದರೆ ಆ ಹಳ್ಳಿಯ ಬಿಳಿಯರೂ ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದರು.

ಹಗ್ಗಜಗ್ಗಾಟದಲ್ಲಿ ನಮ್ಮ ಕಡೆಯ ಕೊನೆಯಾಳು ವೀರಣ್ಣ. ಗದಗಿನ ಕಡೆಯವನು, ಪಾರ್ಕ್ ರಾಯಲ್ಲಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಹಗ್ಗವನ್ನು ಸೊಂಟಕ್ಕೆ ಸುತ್ತಿ ಹಿಮ್ಮಡಿ ಊರಿದನೆಂದರೆ ಮರ ಬೇರು ಬಿಟ್ಟ ಹಾಗೆ. ದೇವದಾಸನೂ ಅವನೂ ಒಂದೇ ಎಲೆಯಡಿಕೆ ಚೀಲದವರು.

ಎರಡು ಸಾವಿರದ ಹದಿನೆಂಟರ ಬೇಸಗೆ. ಮಳೆ ಎಂಬುದೇ ಇಲ್ಲ, ಹ್ಯಾರೋದ ಪಾರ್ಕಿನ ಹುಲ್ಲು ಕೂಡ ಹೊರಸಿನ ಹಗ್ಗದ ಬಣ್ಣಕ್ಕೆ ತಿರುಗಿತ್ತು. ಕೋಚು ಇಳಿದವನೇ ದೇವದಾಸ, ಒಲೆ ಹಚ್ಚುವ ಮೊದಲು ಕಾಲಾಡಿಸಿ ಬರೋಣವೆಂದು ಗುಡ್ಡದ ಕಾಲುದಾರಿ ಹಿಡಿದ. ಮೇಲಿನ ಹೊಲಕ್ಕೂ ಕೆಳಗಿನ ಹೊಲಕ್ಕೂ ನಡುವೆ ಒಂದು ಗೇಟು. ಯಾರೋ ಅದನ್ನು ಬೇಲಿಗೆ ಆನಿಸಿ, ನೀಲಿ ಹುರಿಯಲ್ಲಿ ಕಟ್ಟಿಬಿಟ್ಟಿದ್ದರು. ದೇವದಾಸನಿಗೆ ಮೈ ಉರಿಯಿತು. 'ಮುಚ್ಚುವುದಕ್ಕೂ ಸೋಮಾರಿತನ, ಕಟ್ಟಿ ಬೇರೆ ಇಟ್ಟಿದ್ದಾನೆ' ಎಂದು ಹುರಿ ಬಿಚ್ಚಿದ, ಗೇಟು ಎಳೆದ, ಕೊಂಡಿ ಹಾಕಿದ. ಸಾಲದೆಂದು ಅದೇ ಹುರಿಯಲ್ಲಿ ಬಿಗಿಯಾಗಿ ಕಟ್ಟಿ, ಅಜ್ಜಿಯನ್ನು ನೆನೆದು, ಸಿಳ್ಳೆ ಹಾಕುತ್ತ ಕೆಳಗಿಳಿದ.

ಊಟ ಮುಗಿದು ಹಗ್ಗ ಬಿಚ್ಚುವ ಹೊತ್ತಿಗೆ ಗುಡ್ಡದಿಂದ ಹಸುಗಳ ಕೂಗು ಕೇಳಿಸಿತು. ಕೂಗೆಂದರೆ ಅಂಥಿಂಥ ಕೂಗಲ್ಲ. ಮಾರ್ಗರೆಟ್ ಓಡಿದಳು, ಹಿಂದೆ ಎಲ್ಲರೂ ಓಡಿದರು. ಮೇಲಿನ ಹೊಲದಲ್ಲಿ ಒಂದು ಮರವಿಲ್ಲ, ಹನಿ ನೀರಿಲ್ಲ. ನೀರಿನ ತೊಟ್ಟಿ ಇದ್ದದ್ದು ಕೆಳಗಿನ ಹೊಲದಲ್ಲಿ. ಹಸುಗಳು ಇಳಿದು ಬಂದು ಕುಡಿಯಲೆಂದೇ ಆಕೆ ಗೇಟನ್ನು ತೆರೆದು ಕಟ್ಟಿದ್ದಳು. ಈಗ ಅವೆಲ್ಲ ನಾಲಗೆ ಚಾಚಿ ಗೇಟಿಗೆ ಒತ್ತರಿಸಿ ನಿಂತಿದ್ದವು. ಒಂದು ತುಂಬುಗಬ್ಬದ ಹಸು ನೆಲಕ್ಕೆ ಕುಸಿದಿತ್ತು.

ಗಂಟು ಬಿಚ್ಚಲಾಗದೆ ಮಾರ್ಗರೆಟ್ ಹುರಿಯನ್ನು ಚಾಕುವಿನಲ್ಲಿ ಕೊಯ್ದಳು. "ಯಾರು ಹಾಕಿದ್ದು ಇದನ್ನ?" ಎಂದು ತಿರುಗಿ ಕೇಳಿದಳು.

ದೇವದಾಸನ ಬಾಯಲ್ಲಿ ತಾಂಬೂಲ ತುಂಬಿತ್ತು. ಆಕೆಯ ಹೊಲದಲ್ಲಿ, ಆಕೆಯ ಕಣ್ಣೆದುರು ಉಗಿಯುವುದು ಹೇಗೆ? ನುಂಗಲೂ ಆಗದೆ ಉಗುಳಲೂ ಆಗದೆ ಅವನು ನಿಂತಿದ್ದಾಗ ಅನಂತಮೂರ್ತಿಗಳು ಬಾಯಿ ಹಾಕಿದರು. ಮೈಸೂರಿನವರು, ಪ್ರತಿ ವರ್ಷ ಕೋಚು ಗೊತ್ತುಮಾಡುವವರು.

"ವೀರಣ್ಣ, ನೀನೇ ಅಲ್ವೇನಪ್ಪಾ ಬೆಳಿಗ್ಗೆ ಫೋನ್ ಹಿಡ್ಕೊಂಡು ಈ ಕಡೆ ಬಂದಿದ್ದು?"

"ಬಂದಿದ್ನ್ರೀ. ಸಿಗ್ನಲ್ ಸಿಗ್ಲಿಲ್ಲ, ಹೊಳ್ಳಿ ಹೋದೆ. ಈ ಗೇಟಿಗೂ ನನಗೂ ಏನ್ ಬೀಗತನ ಐತ್ರೀ, ಮುಟ್ಟಾಕ?"

"ಮಾತಾಡೋ ಭರದಲ್ಲಿ ಹಾಕಿರ್ತೀಯ. ನೆನಪಿರಲ್ಲ. ಸಾರಿ ಅಂದ್ಬಿಡು, ಮುಂದಿನ ವರ್ಷ ನಾವು ಇಲ್ಲಿಗೆ ಬರೋದು ಬೇಡ್ವೇ?"

ವೀರಣ್ಣ ಎಲ್ಲರ ಮುಖ ನೋಡಿದ. ಎಲ್ಲರೂ ಅವನ ಮುಖ ನೋಡುತ್ತಿದ್ದರು. ಬಿದ್ದ ಹಸುವಿನ ಕಡೆ ಒಮ್ಮೆ ನೋಡಿ, "ಸಾರಿ, ಮೇಡಂ" ಎಂದ.

ದೇವದಾಸ ಬೇಲಿಯ ಮರೆಗೆ ಹೋಗಿ ಉಗಿದು ಬರುವಷ್ಟರಲ್ಲಿ ಮಾತಿನ ಹೊತ್ತು ದಾಟಿತ್ತು. ಆಮೇಲೆ ಅವನು ಹಿಟ್ಟಿನ ಬಕೆಟ್ಟುಗಳನ್ನು ತೊಳೆದು, ತೊಟ್ಟಿಯಿಂದ ನೀರು ಹೊತ್ತ ಪರಿ ನೋಡಬೇಕಿತ್ತು. ಅಂಗಿ ಒದ್ದೆ, ಅಂಗೈ ಕೆಂಪು. ಹಸು ಕೊನೆಗೂ ತಲೆ ಎತ್ತಿದಾಗ ಅನಂತಮೂರ್ತಿಗಳು ಅವನ ಬೆನ್ನು ಚಪ್ಪರಿಸಿದರು. "ದೇವದಾಸ್, ನೀವಿಲ್ದಿದ್ರೆ ಏನ್ ಗತಿ ಆಗ್ತಿತ್ತು!" ಆ ಚಪ್ಪರಿಕೆ ಅವನಿಗೆ ಬಾರುಕೋಲಿನ ಏಟಿನಂತೆ ಬಿತ್ತು.

ಕೋಚಿನಲ್ಲಿ ವೀರಣ್ಣ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ದೇವದಾಸ ಮನೆಯ ಬಾಗಿಲು ತೆರೆಯುವಾಗ ಅವನ ಹೆಂಡತಿ ಗುಲಾಬಿ ಹೇಳಿದಳು:

"ಹ್ವಾಯ್, ಆ ಗಂಟ್ ನಾನ್ ಕಂಡೆ."

"ಯಾವ್ ಗಂಟ್?"

"ನಮ್ಮನಿ ಅಕ್ಕಿಚೀಲಕ್ಕೆ ನೀವ್ ಹಾಕು ಗಂಟ್. ವೀರಣ್ಣಂಗೆ ಬೂಟಿನ ಲಾಡಿ ಕಟ್ಟುಕೇ ಸಮ ಬತ್ತಿಲ್ಲೆ."

"ನಾಳೆ ಹೇಳ್ತೆ."

"ನಾಳೆ ಅಂಬವನ ಮನಿ ಹಾಳ್" ಎಂದು ಅವಳು ಒಳಗೆ ಹೋದಳು.

ನಾಳೆ ಬಂತು, ಹೋಯಿತು. ಹಸು ಉಳಿಯಿತಂತೆ, ಕರು ಸತ್ತೇ ಹುಟ್ಟಿತಂತೆ ಎಂಬ ಸುದ್ದಿಯೂ ಬಂತು. ಇನ್ನು ಹೇಳುವುದು ಹೇಗೆ? ಆಡಿದ ಮಾತು ಬಾಯಿಂದ ಜಾರಿ ಎಲ್ಲಿಗಾದರೂ ಹೋಗುತ್ತದೆ. ಆಡದ ಮಾತು ಎಲ್ಲಿಗೂ ಹೋಗುವುದಿಲ್ಲ, ಗಂಟಲಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತದೆ. ವೀರಣ್ಣನ ಫೋನು ಬಂದರೆ ದೇವದಾಸ "ಹೋಟ್ಲಲ್ಲಿ ರಶ್ ಇತ್ತ್ ಮಾರಾಯ" ಎನ್ನುತ್ತಿದ್ದ. ಬರಬರುತ್ತ ಫೋನೂ ನಿಂತಿತು.

ಮರುವರ್ಷ ಬೇಸಗೆ ತಲೆ ಹಾಕಿದಾಗ ಅನಂತಮೂರ್ತಿಗಳು ಹೋಟೆಲಿಗೆ ಬಂದು, ಕಾವಲಿಯ ಎದುರಿನ ಮೇಜಿಗೇ ಕೂತರು.

"ಈ ಸಲ ವೀರಣ್ಣಂಗೆ ಕೋಚ್ ಫುಲ್ ಅಂತ ಹೇಳ್ಬಿಟ್ಟೆ ಕಣ್ರೀ. ಫಾರ್ಮಿನ ಆಯಮ್ಮ ಬೇಡ ಅಂದಿಲ್ಲ. ಆದ್ರೂ ನಮಗೆ ಮುಜುಗರ ಅಲ್ವೇ?"

"ಅವ ಎಂತ ಹೇಳ್ದ?"

"ಏನೂ ಹೇಳ್ಲಿಲ್ಲ. ಹೌದ್ರೀ ಸರ್, ಅಂದ."

ಕಾವಲಿಯ ಮೇಲೆ ದೋಸೆ ಕರಕಲಾಯಿತು. ಇಷ್ಟು ವರ್ಷದಲ್ಲಿ ದೇವದಾಸನ ಕೈಯಲ್ಲಿ ಸೀದ ದೋಸೆ ಅದೊಂದೇ. ಮಧ್ಯಾಹ್ನದ ಬಿಡುವಿಗೆ ಏಪ್ರನ್ ಬಿಚ್ಚುವುದನ್ನೂ ಮರೆತು ವೀರಣ್ಣನ ಮನೆಯ ಬಾಗಿಲು ತಟ್ಟಿದ.

"ಏನ್ ದಾಸಣ್ಣ, ಹಾದಿ ತಪ್ಪಿದಿ?"

"ಆ ಗೇಟ್ ಹಾಕಿದ್ದ್ ನಾನ್, ವೀರಣ್ಣ." ನಿಂತಲ್ಲೇ, ಹೊಸಿಲಿನಾಚೆಯಿಂದಲೇ ಹೇಳಿದ. ಹುರಿಯ ಗಂಟು ಹೇಳಿದ, ಬಾಯಿಯ ತಾಂಬೂಲ ಹೇಳಿದ.

ವೀರಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನು ಬೈಯುತ್ತಾನೆಂದು ದೇವದಾಸ ಕಾದ. ಬಂದದ್ದು ಬೇರೆಯೇ ಮಾತು.

"ನಾನ ಹಾಕೀನಿ ಅಂತ ನಂಬಿದ್ನಲ್ಲೋ ಮಾರಾಯ. ಅಷ್ಟೂ ಮಂದಿ ನನ್ನ ಮಾರಿ ನೋಡಿದ್ರು, ಮರತಿರ್ಬೇಕು ಅನ್ಕೊಂಡೆ. ಸತ್ತ ಕರು ನನ್ನ ಲೆಕ್ಕಕ್ಕ ಹಾಕ್ಕೊಂಡು ಒಂದ್ ವರ್ಷ ಉಂಡೀನಿ, ಮಲಗೀನಿ. ಗೋದಾಮಿನ್ಯಾಗ ಒಂದ್ ಬಾಗಲಾ ಹಾಕಿ ಮೂರ್ ಸಲ ಹೊಳ್ಳಿ ನೋಡ್ತೀನಿ."

ತಾನು ಕದ್ದದ್ದು ಗೆಳೆಯನ ಒಳ್ಳೆಯ ಹೆಸರನ್ನು ಮಾತ್ರ ಎಂದು ದೇವದಾಸ ಅಂದುಕೊಂಡಿದ್ದ. ವೀರಣ್ಣನಿಗೆ ಅವನ ಮೇಲೇ ಇದ್ದ ನಂಬಿಕೆಯನ್ನೂ ಕದ್ದಿದ್ದ.

"ಕೋಚಿಗೆ ಬಾ" ಎಂದ, ಅಳುದನಿಯಲ್ಲಿ. "ಎಲ್ಲರ ಎದುರಂಗೆ ಹೇಳ್ತೆ."

"ಬರ್ತೀನಿ. ನಿನ್ನ ಸಲುವಾಗಿ ಅಲ್ಲ. ನೀ ಹೇಳೋದು ಕೇಳಾಕ."

ಹೇಳಿದ. ಓಕ್ ಮರದಡಿ, ಒಲೆ ಹಚ್ಚುವ ಮೊದಲೇ, ಮಾರ್ಗರೆಟ್‌ಗೆ ಹರಕು ಇಂಗ್ಲಿಷಿನಲ್ಲಿ, ನಮ್ಮವರಿಗೆ ಕನ್ನಡದಲ್ಲಿ. ಅನಂತಮೂರ್ತಿಗಳು ಕನ್ನಡಕ ತೆಗೆದು ಒರೆಸಿಯೇ ಒರೆಸಿದರು. ಮಾರ್ಗರೆಟ್ ವೀರಣ್ಣನ ಬಳಿ ಹೋಗಿ ಅವನ ಕೈ ಹಿಡಿದು ಕುಲುಕಿದಳು. ದೇವದಾಸನ ಕೈ ಹಿಡಿಯಲಿಲ್ಲ.

"ಆ ಹಸು ಮತ್ತೆ ಗಬ್ಬವಾಗಿದೆ" ಎಂದಳು. "ಇವತ್ತು ಜನ ಬಹಳ. ಆ ಗೇಟು ತೆರೆದೇ ಇರಬೇಕು. ಯಾರಾದರೂ ಅಲ್ಲಿ ನಿಂತರೆ ಒಳ್ಳೆಯದು."

ದೇವದಾಸ ದಿನವಿಡೀ ಅಲ್ಲಿ ನಿಂತ. ಗುಲಾಬಿ ದೋಸೆ ಹುಯ್ದಳು. ಗಾಳಿಗೆ ಗೇಟು ಒಂದಿಷ್ಟು ಮುಂದೆ ಬಂದಾಗಲೆಲ್ಲ ಅವನ ಕೈ ತಾನಾಗಿ ಕೊಂಡಿಯ ಕಡೆ ಹೋಗುತ್ತಿತ್ತು, ಅವನು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಹಗ್ಗಜಗ್ಗಾಟದ ಗದ್ದಲ ಕೆಳಗಿನಿಂದ ಕೇಳಿಸಿತು. ಗೆದ್ದವರು ಯಾರೆಂದು ಕಾಣಿಸಲಿಲ್ಲ. ಹೊಟ್ಟೆ ಜೋಲುವ ಆ ಹಸು ಬಂದಾಗ ಅವನು ತುರಿಕೆಸೊಪ್ಪಿನ ಬೇಲಿಗೆ ಬೆನ್ನು ಒತ್ತಿ ದಾರಿ ಬಿಟ್ಟ. ಅದು ಅವನ ಕಡೆ ತಿರುಗಿಯೂ ನೋಡದೆ ನೀರಿಗೆ ಇಳಿಯಿತು.

ಸಂಜೆ ವೀರಣ್ಣ ಹಗ್ಗ ಉಜ್ಜಿದ ಅಂಗೈಗಳನ್ನು ತೊಟ್ಟಿಯಲ್ಲಿ ತೊಳೆಯಲು ಬಂದ. ದೇವದಾಸ ಎಲೆಯಡಿಕೆ ಚೀಲ ಬಿಚ್ಚಿ, ಒಂದು ಎಲೆಗೆ ಸುಣ್ಣ ಸವರಿ ನೀಡಿದ.

ವೀರಣ್ಣ ನೀರು ಕೊಡವಿಕೊಂಡ. "ಈಗ ಬ್ಯಾಡ. ಇನ್ನಷ್ಟು ದಿನ ನಿನ್ನ ಬಾಯಿ ಖಾಲಿನ ಇರ್ಲಿ."

ಅಷ್ಟು ಹೇಳಿ ಇಳಿದು ಹೋದ. ದೇವದಾಸ ಎಲೆಯನ್ನು ಮಡಿಸಿ ಚೀಲಕ್ಕೆ ಹಾಕಿದ. ಹಸುಗಳಲ್ಲಿ ಇನ್ನೂ ಕೆಲವು ಮೇಲೆಯೇ ಇದ್ದವು. ಅವನು ಗೇಟನ್ನು ಬೇಲಿಗೆ ಒತ್ತಿ ಹಿಡಿದುಕೊಂಡು ನಿಂತ.