ಗೋಲಿ ಮಿಷನ್ನಿನ ಗಂಟೆ

ಚಂದ್ರಶೇಖರಯ್ಯನವರು ಯಾವುದನ್ನೂ ಸರಿಯಾಗಿದೆ ಎಂದು ಸುಲಭವಾಗಿ ಒಪ್ಪಿಕೊಂಡವರಲ್ಲ. ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ಕಾಗಿ ತಲೆ ನರೆಸಿಕೊಂಡವರು ಅವರು. ಕೆಟ್ಟಿದ್ದನ್ನು ಹುಡುಕುವುದಕ್ಕೇ ಸರ್ಕಾರ ಸಂಬಳ ಕೊಡುತ್ತಿದ್ದುದರಿಂದ, ಕೆಡದೆ ಇರುವುದರ ಮೇಲೆ ಅವರಿಗೆ ಒಂದು ಬಗೆಯ ಅನುಮಾನ. ಹೊಳೆನರಸೀಪುರದ ಮನೆಯಲ್ಲಿ ಹೆಂಡತಿ ಗಂಗಾಂಬಿಕೆ ಸಾರು ಬಡಿಸಿ ಮುಖ ನೋಡಿದರೆ, "ಏನೋ ಒಂದು ಸರಿಯಿಲ್ಲ ಕಣೇ" ಎಂದು ಹೇಳಿ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಅದನ್ನು ಹೊಗಳಿಕೆ ಎಂದು ತಿಳಿದುಕೊಳ್ಳುವುದನ್ನು ಆಕೆ ಮದುವೆಯಾದ ಹೊಸದರಲ್ಲೇ ಕಲಿತಿದ್ದರು.

ಅವರು ಮನಸಾರೆ ಸರಿ ಎಂದು ಒಪ್ಪಿದ್ದು ಹಳೇ ಎಕ್ಸ್‌ಚೇಂಜನ್ನು ಮಾತ್ರ. ಚಕ್ರ, ಸ್ಪ್ರಿಂಗು, ಕರೆಂಟು ಹರಿದಾಗ ಟಕ್ಕೆಂದು ಬಡಿಯುವ ರಿಲೇಗಳ ಕಾಲದ ಎಕ್ಸ್‌ಚೇಂಜು ಅದು. ಊರಲ್ಲಿ ಯಾರೋ ಡಯಲ್ ತಿರುಗಿಸಿದರೆ ಇಲ್ಲಿ ಕಬ್ಬಿಣದ ಕಪಾಟಿನಲ್ಲಿ ಒಂದು ಕಡ್ಡಿ ಟಕಟಕನೆ ಮೇಲೆ ಹತ್ತಿ, ಪಕ್ಕಕ್ಕೆ ಹೊರಳಿ, ಬೇಕಾದ ನಂಬರನ್ನು ಹೋಗಿ ಮುಟ್ಟುತ್ತಿತ್ತು. ಅಂಥ ಕಪಾಟುಗಳು ಸಾಲುಸಾಲು. ಸದ್ದು ಕೇಳಿದರೆ ಸಾಕು, ಊರಿನ ಯೋಗಕ್ಷೇಮವೆಲ್ಲ ತಿಳಿಯುತ್ತಿತ್ತಂತೆ. ಬೆಳಗ್ಗೆ ಮಂಡಿ ತೆರೆದಾಗ ತುಂತುರು, ಆಲೂಗಡ್ಡೆ ರೇಟು ಬಿದ್ದ ದಿನ ಆಲಿಕಲ್ಲು, ದೊಡ್ಡ ಮನುಷ್ಯರು ಯಾರಾದರೂ ತೀರಿಕೊಂಡರೆ ಹಂಚು ಹಾರಿಹೋಗುವ ಮಳೆ. ನಡುವೆ ಎಲ್ಲಿಯಾದರೂ ಏನಾದರೂ ಕೆಟ್ಟರೆ ಗೋಡೆಯ ಮೇಲಿನ ಗಂಟೆ ಕಿಣಿಕಿಣಿ ಎನ್ನುತ್ತಿತ್ತು. ಆಗ ಚಂದ್ರಶೇಖರಯ್ಯ ಏಣಿ ಹಿಡಿದು ಓಡಬೇಕು. ಟಕಟಕ ಊರಿನದು, ಗಂಟೆ ಮಾತ್ರ ತನ್ನದು ಎಂಬುದು ಅವರ ಭಾವನೆ. ನಮ್ಮಂಥವರನ್ನು ಹೆಸರು ಹಿಡಿದು ಕೂಗಿದರೂ ಏಳಲು ಮನಸ್ಸಾಗುವುದಿಲ್ಲ. ಅವರನ್ನು ಆ ಗಂಟೆಯ ಸದ್ದು ಅಷ್ಟು ವರ್ಷ ಎಬ್ಬಿಸಿತು.

ಆಯುಧಪೂಜೆಯ ದಿನ ಕಪಾಟುಗಳಿಗೆಲ್ಲ ಚೆಂಡುಹೂವಿನ ಸರ ಬಿಡುತ್ತಿದ್ದರು. ಮನೆಯವರು ಬಂದು ನೋಡಬಹುದಿತ್ತು. ಗಂಗಾಂಬಿಕೆಗೂ ನೋಡುವ ಆಸೆಯಿತ್ತು. ಆದರೆ ಒಂದು ವರ್ಷ ಅತ್ತೆಗೆ ಜ್ವರ, ಇನ್ನೊಂದು ವರ್ಷ ಒಲೆಯ ಮೇಲೆ ಹೂರಣ, ಮತ್ತೊಂದು ವರ್ಷ ಹೊರಟು ನಿಂತರೆ ಬಸ್ಸೇ ಇಲ್ಲ. "ಮುಂದಿನ ವರ್ಷ ನೋಡುವೆಯಂತೆ ಬಿಡು, ಅದೇನು ಓಡಿಹೋಗುತ್ತಾ?" ಎನ್ನುತ್ತಿದ್ದರು ಚಂದ್ರಶೇಖರಯ್ಯ.

ತೊಂಬತ್ತರ ದಶಕದಲ್ಲಿ ಅದು ಓಡಿಯೇ ಹೋಯಿತು. ಹೊಸ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂತು. ಹಳೆಯದನ್ನು ಬಂದ್ ಮಾಡಿದ ದಿನ ಅವರನ್ನು ಅರಕಲಗೂಡಿನಲ್ಲಿ ಕೇಬಲ್ ಕೆಟ್ಟಿದೆ ಎಂದು ಕಳಿಸಿದ್ದರು. ಸಂಜೆ ಬಂದು ಬಾಗಿಲು ತೆರೆದರೆ ಸದ್ದೇ ಇಲ್ಲ. ಚಪ್ಪಲಿ ಸಹ ಹೊರಗೇ ಬಿಡಬೇಕೆಂಬ ಹೊಸ ಕೋಣೆ, ದೇವಸ್ಥಾನಕ್ಕಿಂತ ಮಡಿ. ಹಸಿರು ದೀಪಗಳು ಮಿಣಮಿಣ ಎನ್ನುತ್ತಿದ್ದವು. ಏನಾದರೂ ಕೆಟ್ಟರೆ ಇದೂ ಕೂಗುತ್ತದೆ ಎಂದು ಹೇಳಿದ್ದರು. ಆದರೆ ಪ್ರತಿ ಸಲವೂ ಹೊಸ ಹುಡುಗರು ಇವರಿಗಿಂತ ಮೊದಲು ಎದ್ದುಬಿಡುತ್ತಿದ್ದರು. ಈಗಿನವರಿಗೆ ಒಂದು ಕಡೆ ಕೂತುಕೊಳ್ಳುವ ಸಮಾಧಾನ ಇಲ್ಲ ಎಂದುಕೊಂಡರು ಚಂದ್ರಶೇಖರಯ್ಯ. ಕೆಲವು ತಿಂಗಳಲ್ಲಿ ಸಾಹೇಬರು ಇವರನ್ನು ಚನ್ನರಾಯಪಟ್ಟಣದ ಕಡೆ ಕಂಬ ತಂತಿ ನೋಡಿಕೊಳ್ಳಲು ಹಾಕಿದರು.

ಅಲ್ಲಿ ಹೆದ್ದಾರಿಯ ಪಕ್ಕ ಬಾಗೂರಿನ ತಿಮ್ಮಪ್ಪ ಎಂಬವರದೊಂದು ಹೋಟೆಲು. ಫೋನು ಸತ್ತಿದೆ ಎಂದು ದೂರು ಬಂದಿತ್ತು. ಹಿಂದಿನ ಉಗ್ರಾಣದಲ್ಲಿ ಇಲಿ ಕಡಿದ ತಂತಿಯನ್ನು ಹುಡುಕುತ್ತ ಬಗ್ಗಿದಾಗ ಈರುಳ್ಳಿ ಹರವಿದ್ದ ಒಂದು ದೊಡ್ಡ ಪೆಟ್ಟಿಗೆ ಕಾಣಿಸಿತು. ನಾಲ್ಕು ಕಾಲು, ಇಳಿಜಾರಾದ ಗಾಜಿನ ಮುಚ್ಚಳ, ತಲೆಯ ಕಡೆ ನಿಂತ ಇನ್ನೊಂದು ಗಾಜು.

"ಇದೇನ್ರೀ ತಿಮ್ಮಪ್ಪ?"

"ಅದಾ ಸಾ? ಗೋಲಿ ಮಿಷನ್ನು. ಸಕಲೇಶಪುರದ ತಾವ ಕಾಫಿ ತ್ವಾಟದೋರ ಕ್ಲಬ್ಬಲ್ಲಿತ್ತು. ಅರಾಜಲ್ಲಿ ಕೂಗ್ಬುಟ್ಟೆ. ಬಸ್ಸಿಳಿದೋರು ಆಟ ಆಡ್ಕಂಡು ಎಲ್ಡು ಇಡ್ಲಿ ಜಾಸ್ತಿ ತಿಂತಾರೆ ಅನ್ಕಂಡಿದ್ದೆ. ವಾರಕ್ಕೇ ಕೈ ಕೊಡ್ತು. ಈಗ ಈರುಳ್ಳಿ ಒಣಗಾಕಕ್ಕೆ ಬಲು ಚೆನ್ನಾಗಯ್ತೆ."

ಪಿನ್‌ಬಾಲ್ ಎಂಬುದು ಅದರ ಹುಟ್ಟು ಹೆಸರು. ಸ್ಪ್ರಿಂಗು ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲೆ ಹಾರಿ, ಗೂಟಗಳಿಗೆ ಬಡಿದು ಬಡಿದು ಕೆಳಗಿಳಿಯುತ್ತದೆ. ಬಡಿದಾಗಲೆಲ್ಲ ಒಳಗೆ ಗಂಟೆ ಹೊಡೆದು ತಲೆಯ ಮೇಲಿನ ಅಂಕಿ ಏರುತ್ತದೆ. ತಳದಲ್ಲಿ ಬಾಯಿ ತೆರೆದ ಗುಂಡಿಗೆ ಬೀಳದ ಹಾಗೆ ಎರಡು ಪುಟ್ಟ ರೆಕ್ಕೆಗಳಿಂದ ಅದನ್ನು ಮತ್ತೆ ಮತ್ತೆ ಮೇಲಕ್ಕೆ ಅಟ್ಟಬೇಕು. ಇಷ್ಟೇ ಆಟ. ಚಂದ್ರಶೇಖರಯ್ಯನವರಿಗೆ ಆಟ ಗೊತ್ತಿರಲಿಲ್ಲ. ಕೆಟ್ಟ ವಸ್ತು ಎಂದ ಕೂಡಲೇ ಕೈ ಸ್ಕ್ರೂಡ್ರೈವರಿಗೆ ಹೋಯಿತು, ಹಿಂದಿನ ಹಲಗೆ ಕಳಚಿದರು.

ಒಳಗೆ ರಿಲೇಗಳ ಸಾಲು. ಮೆಟ್ಟಿಲು ಹತ್ತುವ ಚಕ್ರಗಳು. ಬಟ್ಟೆ ಸುತ್ತಿದ ತಂತಿಗಳು, ಕಟ್ಟುಕಟ್ಟಾಗಿ, ಮೇಣದ ದಾರದಲ್ಲಿ ಹೆಣೆದವು. ಬಂದ್ ಮಾಡಿ, ಬಿಚ್ಚಿ, ಗುಜರಿಯವನಿಗೆ ತೂಕ ಹಾಕಿ ಕೊಟ್ಟಿದ್ದ ಎಕ್ಸ್‌ಚೇಂಜು ಚನ್ನರಾಯಪಟ್ಟಣದ ಉಗ್ರಾಣದಲ್ಲಿ ಅಡಗಿಕೊಂಡು ಕೂತಿತ್ತು.

"ಕಣ್ಣಿಗೆ ಈರುಳ್ಳಿ ಒಡೀತಾ ಸಾ?" ಎಂದರು ತಿಮ್ಮಪ್ಪ.

"ಹೂಂ" ಎಂದರು ಚಂದ್ರಶೇಖರಯ್ಯ.

"ಬೇಕಾದ್ರೆ ತಗಂಡೋಗಿ ಅತ್ಲಾಗೆ. ನಮ್ಮ ಫೋನು ಸತ್ತಾಗ ಒಂದೀಟು ಬಿರ್ರನೆ ಬಂದ್ರೆ ಸಾಕು."

ಎಳನೀರಿನ ಟೆಂಪೋದಲ್ಲಿ ಮಿಷನ್ನು ಹೊಳೆನರಸೀಪುರಕ್ಕೆ ಬಂದಿಳಿಯಿತು. ತಲೆಯ ಮೇಲಿನ ಗಾಜನ್ನು ಒರೆಸಿದಾಗ ಒಬ್ಬ ಪರದೇಶದ ಹೆಂಗಸು ಕುದುರೆಯ ಮೇಲೆ, ಕೈಯಲ್ಲಿ ಪಿಸ್ತೂಲು, ಮೈಮೇಲೆ ಬಟ್ಟೆ ನೆಪಕ್ಕೆ.

"ಈಯಮ್ಮ ಯಾರು?" ಎಂದರು ಗಂಗಾಂಬಿಕೆ.

"ಆಟದ ಚಿತ್ರ ಕಣೇ. ನಾನೇನು ಕರ್ಕೊಂಡು ಬಂದಿದ್ದಲ್ಲ."

"ಟೆಂಪೋ ಮಾಡಿ ತಂದಿದೀರಲ್ಲ, ಇನ್ನು ಹೆಂಗೆ ಕರ್ಕೊಂಡು ಬರ್ತಾರೆ?" ಎಂದು ಆಕೆ ಹಳೇ ಸೀರೆಯೊಂದನ್ನು ತಂದು ಗಾಜಿಗೆ ಹೊದಿಸಿದರು. ಪಕ್ಕದ ಮನೆಯ ವೆಂಕಟರಾಮಯ್ಯ, ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ಯಂತ್ರ ನೋಡಬೇಕೆಂದು ಬಂದು ಸೀರೆ ಸರಿಸಿ ಸಾಕಷ್ಟು ಹೊತ್ತು ಯಂತ್ರವನ್ನೇ ನೋಡಿದರು. "ಮೊಸಳೆ ಊರಿನ ದೇವಸ್ಥಾನದ ಗೋಡೆ ಮೇಲಿನ ಶಿಲಾಬಾಲಿಕೆಯರಿಗಿಂತ ಜಾಸ್ತೀನೇ ಉಟ್ಟಿದಾಳಲ್ಲಮ್ಮ, ಇರಲಿ ಬಿಡಿ" ಎಂದು ತೀರ್ಪು ಕೊಟ್ಟರು.

ನಡುಮನೆಯಲ್ಲಿ ರಿಪೇರಿ ಶುರುವಾಯಿತು. ಇಲಿಯ ಗೂಡು ತೆಗೆದದ್ದಾಯಿತು. ರಿಲೇಗಳ ಎಲೆಯಂಥ ಪಟ್ಟಿಗಳನ್ನು ಉಜ್ಜಿ, ಕೂದಲೆಳೆಯಷ್ಟು ಬಗ್ಗಿಸಿ, ಒಂದನ್ನೊಂದು ಮುಟ್ಟುವ ಹಾಗೆ ಮಾಡಿದ್ದಾಯಿತು. ಸುಕ್ಕುಗಟ್ಟಿದ ರಬ್ಬರ್ ಬಳೆಗಳ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು. ಗೋಲಿ ಕಳೆದುಹೋಗಿತ್ತು, ಹಳೇ ಬೇರಿಂಗು ಒಡೆದು ಅಷ್ಟೇ ಗಾತ್ರದ ಇನ್ನೊಂದು ತಂದರು. ಸುಟ್ಟುಹೋದ ಕಾಯಿಲುಗಳನ್ನು ಅರಕಲಗೂಡಿನಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಪಂಚಾಕ್ಷರಯ್ಯನ ಹತ್ತಿರ ಒಯ್ದರು. ಪಂಚಾಕ್ಷರಯ್ಯ ಅಂಗೈಯಲ್ಲಿಟ್ಟುಕೊಂಡು ನೋಡಿ, "ಏನ್ ಸಾ, ಇರುವೆ ಗದ್ದೆಗೆ ನೀರು ಆಯ್ಸಕ್ಕಾ ಇದು?" ಎಂದ. ಆದರೂ ಸುತ್ತಿಕೊಟ್ಟ.

ಒಂದು ಭಾನುವಾರ ಬೆಳಗ್ಗೆ ಮಿಷನ್ನಿಗೆ ಜೀವ ಬಂತು. ಗೋಲಿ ಹಾರಿತು, ಅಂಕಿ ಉರುಳಿತು, ಒಳಗಿನ ರಿಲೇಗಳು ಒಂದರ ಹಿಂದೊಂದು ಟಕಟಕ ಎಂದವು. ಚಂದ್ರಶೇಖರಯ್ಯ ಎರಡೂ ಅಂಗೈಗಳನ್ನು ಪೆಟ್ಟಿಗೆಯ ಪಕ್ಕಕ್ಕೆ ಒತ್ತಿ ಹಿಡಿದು ನಿಂತರು. ಹಾಸನದಲ್ಲಿ ಮಂಡಿ ತೆರೆದಿತ್ತು.

ಗಂಟೆ ಮಾತ್ರ ಹೊಡೆಯಲಿಲ್ಲ.

ಹಲಗೆಯಡಿ ಗಂಟೆಯ ಬದಲಿಗೆ ಲೋಹದ ಪಟ್ಟಿಗಳಿದ್ದವು, ಅವುಗಳ ಕೆಳಗೆ ಪುಟ್ಟ ಸುತ್ತಿಗೆಗಳು. ಸುತ್ತಿಗೆ ಎಗರಿ ಬಡಿಯುವುದು ಕಣ್ಣಿಗೆ ಕಾಣುತ್ತಿತ್ತು, ಪಟ್ಟಿ ಅದುರುವುದೂ ಕಾಣುತ್ತಿತ್ತು. ಟಕಟಕ ಬಂದಮೇಲೆ ಇವರಿಗೆ ಬೇಕಾಗಿದ್ದುದೇ ಆ ಕಿಣಿಕಿಣಿ. ಒಂದೇ ಒಂದು ಸಲ, ಅದು ಕೂಗಬೇಕು, ತಾನು ಏಳಬೇಕು. ಅಷ್ಟಾದರೆ ಅರಕಲಗೂಡಿಗೆ ಹೋದ ಆ ದಿನದ ಲುಕ್ಸಾನು ತುಂಬಿಬಂದಂತೆ ಎಂದು ಅವರ ಮನಸ್ಸು ಹಠ ಹಿಡಿದಿತ್ತು.

ಸುತ್ತಿಗೆ ಬದಲಾಯಿಸಿದರು. ಕಾಯಿಲಿಗೆ ಇನ್ನಷ್ಟು ತಂತಿ ಸುತ್ತಿಸಿದರು. ಪಟ್ಟಿಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಕೆಳಗೆ ಮೆತ್ತಗೆ ಬಟ್ಟೆ ಕೊಟ್ಟು ಕೂರಿಸಿದರು. ಪ್ರತಿ ಸಲವೂ, "ಗಂಟೆ ಸರಿಯಿಲ್ಲ ಕಣೇ."

"ಚೆನ್ನಾಗೇ ಇದೆಯಲ್ಲ, ಇನ್ನೇನಾಗ್ಬೇಕು ಅದಕ್ಕೆ?" ಎನ್ನುತ್ತಿದ್ದರು ಅಡಿಗೆಮನೆಯಿಂದ ಗಂಗಾಂಬಿಕೆ. ಇವಳಿಗೇನು ಗೊತ್ತು ಎಂದುಕೊಳ್ಳುತ್ತಿದ್ದರು ಇವರು.

ವೆಂಕಟರಾಮಯ್ಯ ಕಾಂಪೌಂಡಿನ ಆಚೆಯಿಂದ ವಿಚಾರಿಸಿದರು. "ಯಂತ್ರ ಚೆನ್ನಾಗಿ ನಡೀತಿದೆ ಅಂತ ಕಾಣುತ್ತೆ?"

"ಗಂಟೆಯೊಂದು ಸರಿಹೋಗ್ಬೇಕು ನೋಡಿ ಮೇಷ್ಟ್ರೇ."

"ಇನ್ನೂ ಸರಿಹೋಗ್ಬೇಕೇ?" ಎಂದು ಮೇಷ್ಟ್ರು ಸ್ವಲ್ಪ ಗಾಬರಿಯಿಂದಲೇ ಕೇಳಿ ಒಳಗೆ ಹೋದರು.

ಕೊನೆಗೆ ಚಂದ್ರಶೇಖರಯ್ಯ ಹಾಸನದಿಂದ ಪೂಜಾ ಸಾಮಾನಿನ ಅಂಗಡಿಯ ಕಂಚಿನ ಜಾಗಟೆಯೊಂದನ್ನು ತಂದರು. ಪಟ್ಟಿಗಳನ್ನು ಕಿತ್ತು ಅದನ್ನು ಕೂರಿಸಿ, ದಪ್ಪನೆಯ ಸುತ್ತಿಗೆ ಹೊಂದಿಸಿ ಗೋಲಿ ಬಿಟ್ಟರು. ಢಣ್ ಎಂದಿತು. ಮತ್ತೆ ಢಣ್. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕೈಮುಗಿದರು. ವೆಂಕಟರಾಮಯ್ಯ ಊಟದ ಎಲೆಯಿಂದ ಎದ್ದು ಬಂದು, ಯಾರ ಮನೆಯ ಮಂಗಳಾರತಿ ಎಂದು ಕೇಳಿ, ನೋಡಿ ಹಿಂದಿರುಗಿದರು.

"ಅಂತೂ ಗಂಟೆ ಹೊಡೀತಲ್ಲೇ" ಎಂದರು ಚಂದ್ರಶೇಖರಯ್ಯ, ಬೆವರು ಒರೆಸಿಕೊಳ್ಳುತ್ತ.

"ಮತ್ತೆ ಇಷ್ಟು ದಿನ ಹೊಡೀತಿದ್ದಿದ್ದು?"

"ಯಾವುದು?"

"ಕಿಣಿಕಿಣಿ ಅಂತಿತ್ತಲ್ಲ, ಸಣ್ಣಕ್ಕೆ. ಅದನ್ಯಾಕೆ ಕಿತ್ತುಹಾಕಿದ್ರಿ? ಸಾರಿನ ಥರ ಅದೂ ಏನೋ ರುಚಿ ಸಾಲದು ನಿಮಗೆ ಅಂತ ನಾನು ಸುಮ್ಮನಿದ್ದೆ."

ಚಂದ್ರಶೇಖರಯ್ಯ ಸ್ಕ್ರೂಡ್ರೈವರು ಎತ್ತಿಕೊಂಡರು. ಜಾಗಟೆ ಬಿಚ್ಚಿ ಹಳೇ ಪಟ್ಟಿಗಳನ್ನು ಮತ್ತೆ ಕೂರಿಸಿದರು. ಹೆಂಡತಿಯನ್ನು ಬಾಗಿಲ ಹತ್ತಿರ ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿ, "ಕೇಳಿದಾಗ ಕೈ ಎತ್ತು" ಎಂದರು. ಕೇಬಲ್ಲಿನ ಎರಡು ತುದಿಯಲ್ಲಿ ಇಬ್ಬರು ನಿಂತು ಪರೀಕ್ಷೆ ಮಾಡುವುದು ಹಾಗೆಯೇ. ಸುತ್ತಿಗೆಯನ್ನು ಬೆರಳಿನಿಂದ ತಟ್ಟಿದರು. ಕೈ ಮೇಲೆದ್ದಿತು. ತಟ್ಟಿದಂತೆ ಮಾಡಿ ತಟ್ಟದೆ ಬಿಟ್ಟರು. ಕೈ ಏಳಲಿಲ್ಲ. ಮತ್ತೆ ತಟ್ಟಿದರು, ಎದ್ದಿತು. ಇಷ್ಟು ಸುಲಭವಾಗಿ ಅವರು ಸರ್ವೀಸಿನಲ್ಲೇ ಯಾವ ಫಾಲ್ಟನ್ನೂ ಪತ್ತೆ ಮಾಡಿರಲಿಲ್ಲ. ಲೈನಿನಲ್ಲಿ ದೋಷವಿಲ್ಲ, ಯಂತ್ರದಲ್ಲಿಯೂ ಇಲ್ಲ.

ಗಂಡನಾದವನು ಕರೆದರೆ ತಿರುಗದಿರುವುದನ್ನು ನಮ್ಮ ಕಡೆ ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲವಾದ್ದರಿಂದ ಅವರ ಕಿವಿಯ ವಿಷಯ ಇಷ್ಟು ದಿನ ಗೊತ್ತಾಗಿರಲಿಲ್ಲ. ಹಾಸನದ ಡಾಕ್ಟರು, ಆ ಟಕಟಕದ ನಡುವೆ ಅಷ್ಟು ವರ್ಷ ನಿಂತಿದ್ದೀರಲ್ಲ, ಕೀರಲು ಸದ್ದುಗಳು ಮೊದಲು ಹೋಗುತ್ತವೆ ಎಂದರು. ಹಿಂದಿರುಗುವ ಬಸ್ಸಿನಲ್ಲಿ ಚಂದ್ರಶೇಖರಯ್ಯ ಕಳೆದುಹೋದದ್ದನ್ನು ನೆನೆಸಿಕೊಂಡರು. ಕುಕ್ಕರಿನ ಸೀಟಿ. ಹಾಲಿನವನ ಸೈಕಲ್ ಗಂಟೆ. ಹೊಸ ಎಕ್ಸ್‌ಚೇಂಜಿನ ಕೂಗು. ಪಾಪ, ಅದೂ ಕೂಗಿಯೇ ಇದ್ದಿರಬೇಕು. ಯಾವುದು ಯಾವತ್ತು ಹೋಯಿತೋ, ಹೇಳಿ ಹೋಗಲಿಲ್ಲ. ಗೋಡೆಯ ಮೇಲಿನ ಗಂಟೆಯನ್ನು ಕಡೆಯ ಸಲ ಕೇಳಿದ್ದು ಯಾವಾಗ ಎಂದು ಎಷ್ಟು ತಡಕಾಡಿದರೂ ಸಿಗಲಿಲ್ಲ. ಬಹುಶಃ ಆ ದಿನವೂ ತಾನು ಅರಕಲಗೂಡಿನಲ್ಲಿದ್ದೆ ಎಂದುಕೊಂಡರು. ಅಷ್ಟಾಗಿಯೂ ಟಕಟಕದ ಮೇಲೆ ಅವರಿಗೆ ಕೋಪ ಬರಲಿಲ್ಲ. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಪುಟ್ಟ ಮಿಷನ್ನು ರಿಲೇಗಳ ಸದ್ದನ್ನು ಹಪ್ಪಳ ಕರಿದ ಹಾಗೆ ಕೇಳಿಸುತ್ತಿತ್ತು. ಅದನ್ನು ಸರಿಯಿಲ್ಲ ಎಂದು ಬಿಚ್ಚಿ ಟೂಲ್ ಡಬ್ಬಿಗೆ ಹಾಕಿದರು.

ಜಾಗಟೆ ವೆಂಕಟರಾಮಯ್ಯನವರ ಭಜನೆ ಮಂಡಳಿಗೆ ಹೋಯಿತು. ಮಿಷನ್ನಿನಲ್ಲಿ ಹಳೇ ಪಟ್ಟಿಗಳೇ ಉಳಿದವು. ಸಂಜೆ ಚಂದ್ರಶೇಖರಯ್ಯ ಗೋಲಿ ಆಡುತ್ತಿದ್ದರೆ ಗಂಗಾಂಬಿಕೆ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಹೆಂಗೆ ಕೇಳಿಸುತ್ತೇ ಆ ಗಂಟೆ?" ಎಂದು ಒಂದು ದಿನ ಚಂದ್ರಶೇಖರಯ್ಯ ಕೇಳಿದರು.

ಆಕೆ ಯೋಚಿಸಿದರು. "ಪಕ್ಕದ ಮನೇಲಿ ಸ್ಟೀಲ್ ಲೋಟ ಬಿದ್ದಂಗೆ. ನಮ್ಮನೇದಲ್ಲ, ನಾವು ಏಳೋ ಹಂಗಿಲ್ಲ ಅಂತ ಸಮಾಧಾನ ಆಗುತ್ತಲ್ಲ, ಹಂಗೆ."

"ಎಕ್ಸ್‌ಚೇಂಜಿನ ಗಂಟೆ ಥರ ಇದೆಯಾ?"

"ಅದನ್ನ ನಾನು ಯಾವತ್ತು ಕೇಳಿದೀನಿ ಹೇಳಕ್ಕೆ? ಮುಂದಿನ ವರ್ಷ ಮುಂದಿನ ವರ್ಷ ಅಂತಿದ್ರಲ್ಲ."

ಚಂದ್ರಶೇಖರಯ್ಯ ಗೋಲಿ ಬಿಡುವುದನ್ನು ನಿಲ್ಲಿಸಿದರು. "ಬಾ ಇಲ್ಲಿ. ಇಲ್ಲಿ ಕೈ ಇಡು" ಎಂದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟರು. ಇವರು ಸ್ಪ್ರಿಂಗು ಎಳೆದು ಬಿಟ್ಟರು. ಇದು ಮಂಡಿ ತೆರೆಯುವ ಹೊತ್ತು ಎಂದರು. ಇದು ಆಲೂಗಡ್ಡೆ ರೇಟು ಬಿದ್ದಿದ್ದು. ಆಕೆ ಕಣ್ಣು ಮುಚ್ಚಿಕೊಂಡು, "ಇಷ್ಟು ಜೋರಾಗಿತ್ತಾ?" ಎಂದರು. "ಇದರಂಥದ್ದು ಒಂದು ಮನೆ ತುಂಬ" ಎಂದರು ಇವರು.

ಅಂದಿನಿಂದ ಅದೊಂದು ರೂಢಿಯಾಯಿತು. ಆಕೆ ಅವರೆಕಾಳಿನಿಂದ ತಲೆ ಎತ್ತದೆ, ಗಂಟೆ ಹೊಡೆದಾಗಲೆಲ್ಲ "ಹೊಡೀತು" ಎನ್ನುವರು. ಇವರು "ಹೂಂ" ಎನ್ನುವರು.

ಒಂದು ಸಂಜೆ ಗೋಲಿ ಯಾವ ಗೂಟಕ್ಕೂ ತಾಗದೆ ನೆಟ್ಟಗೆ ಬಂದು ಗುಂಡಿಗೆ ಬಿತ್ತು. ಒಂದು ರಿಲೇಯೂ ಮಿಸುಕಲಿಲ್ಲ; ಚಂದ್ರಶೇಖರಯ್ಯನವರ ಅಂಗೈಗೆ ಅದು ಚೆನ್ನಾಗಿ ಗೊತ್ತಾಯಿತು.

"ಹೊಡೀತು" ಎಂದರು ಗಂಗಾಂಬಿಕೆ.

ಚಂದ್ರಶೇಖರಯ್ಯ ಆಕೆಯ ಕಡೆ ತಿರುಗಿ ನೋಡಿದರು. ಆಕೆ ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತಿದ್ದರು.

"ಹೂಂ" ಎಂದರು. "ಕೇಳಿಸ್ತು ಕಣೇ."